ಕಣ್ಣು ಮುಟ್ಟುವುದಿಲ್ಲವೆಂದು ಮಾಡಿಸಿದ ಪ್ರಮಾಣ

...ಎಡಗಣ್ಣೇ ಇರಬೇಕು. ಅಥವಾ ಬಲಗಣ್ಣು. ಎದುರಿಗೆ ನಿಂತವರ ಎಡ ಬಲ ನನಗೆ ಯಾವತ್ತೂ ಸರಿಯಾಗಿ ತಿಳಿದದ್ದಿಲ್ಲ. ಹಾಗಾಗಿ ನಮ್ಮ ಶಾಲೆಯಲ್ಲಿ ಮೊದಲು ಕಣ್ಣುಬೇನೆ ಬಂದ ಎಂಟನೇ ತರಗತಿಯ ಆ ಹುಡುಗನ ಯಾವ ಕಣ್ಣು ಮೊದಲು ಕೆಂಪಾಯಿತು ಎಂದು ಈಗ ಹೇಳಲಾರೆ. ಅವನು ಎಂಟನೇ ತರಗತಿಯವನೇ ಹೌದೇ ಎಂಬುದೂ ಅನುಮಾನವೇ. ಈ ಪ್ರಸಂಗವನ್ನು ಮದುವೆಮನೆಗಳಲ್ಲಿ, ತೀರ್ಥಹಳ್ಳಿ ಬಸ್ಸಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಎದುರು ಬಾಯಿ ತೆರೆದುಕೊಂಡೇ ಹೇಳಿ ಹೇಳಿ ಅದು ನುಣುಪಾಗಿಬಿಟ್ಟಿದೆ. ನುಣುಪಾದ ನೆನಪನ್ನು ನಂಬಬಾರದು. ಎಲ್ಲೋ ನಾನೇ ಮರಳು ಕಾಗದ ಹಾಕಿ ಉಜ್ಜಿರುತ್ತೇನೆ.

ಇಷ್ಟು ಮಾತ್ರ ನಿಜ. ನಿಟ್ಟೂರಿನಿಂದ ಆಚೆ ಇರುವ ನಮ್ಮ ಪ್ರೌಢಶಾಲೆಗೆ ಆ ವರ್ಷ ಕೆಂಗಣ್ಣು ಬಂತು. ಬಂದದ್ದು ಬಹಳ ಕೆಟ್ಟ ಹೊತ್ತಿನಲ್ಲಿ. ಆ ಶನಿವಾರ ಹೊಸನಗರದಲ್ಲಿ ತಾಲ್ಲೂಕು ಮಟ್ಟದ ಖೋ ಖೋ ಇತ್ತು. ನಮ್ಮ ಹುಡುಗಿಯರ ತಂಡ ಹಿಂದಿನ ವರ್ಷ ಫೈನಲ್ಲಿನಲ್ಲಿ ಸೋತು ಬಂದಿತ್ತು. ನಾಯಕಿ ಚೈತ್ರ ಹತ್ತನೇ ತರಗತಿಯವಳು. ಈ ಸಲ ತಪ್ಪಿದರೆ ಅವಳಿಗೆ ಮತ್ತೆ ಶಾಲೆಯ ಪರವಾಗಿ ಆಡುವ ಅವಕಾಶವಿರಲಿಲ್ಲ. ಅಷ್ಟರಲ್ಲಿ ಸುತ್ತೋಲೆ ಬಂತು. ತಂಡದಲ್ಲಿ ಒಬ್ಬಳ ಕಣ್ಣು ಕೆಂಪಾಗಿದ್ದರೂ ಇಡೀ ತಂಡವನ್ನು ಮೈದಾನಕ್ಕೆ ಬಿಡುವುದಿಲ್ಲ.

ಮುಖ್ಯ ಶಿಕ್ಷಕಿ ಲಲಿತಾ ಮೇಡಂ ಸ್ಟಾಫ್ ರೂಮಿನಲ್ಲಿ ಸುತ್ತೋಲೆ ಓದಿ ನನ್ನನ್ನೇ ನೋಡಿದರು.

"ನೀವೇ ನೋಡ್ಕೊಳ್ಬೇಕು ಸಾರ್. ನಿಮಗೆ ಟ್ರೈನಿಂಗ್ ಆಗಿದೆ."

ಆಗಿತ್ತು. ಶಾಲಾ ಆರೋಗ್ಯದ ಬಗ್ಗೆ ಒಂದು ದಿನದ ತರಬೇತಿ. ಬೆಳಗಿನ ಭಾಗ ನನಗೆ ಚೆನ್ನಾಗಿ ನೆನಪಿದೆ. ಊಟಕ್ಕೆ ಹೋಳಿಗೆ ಇತ್ತು, ಆದ್ದರಿಂದ ಮಧ್ಯಾಹ್ನದ ಭಾಗ ನೆನಪಿಲ್ಲ. ಸಾಂಕ್ರಾಮಿಕ ರೋಗಗಳ ವಿಷಯ ಮಧ್ಯಾಹ್ನ ಇತ್ತೆಂದು ಆಮೇಲೆ ತಿಳಿಯಿತು. ಆದರೂ ಸಮಾಜ ವಿಜ್ಞಾನದ ಮೇಷ್ಟ್ರಾದ ನಾನು ಆ ಕ್ಷಣದಿಂದ ಸದರಿ ಶಾಲೆಯ ಸಮಸ್ತ ಕಣ್ಣುಗಳ ಹೊಣೆಗಾರನಾದೆ. ಹೆಮ್ಮೆಯೇ ಆಯಿತು. ಇದನ್ನು ಮರೆಮಾಚುವುದಿಲ್ಲ.

ಮರುದಿನ ಗೇಟಿನಲ್ಲಿ ಕುರ್ಚಿ ಹಾಕಿಸಿ ಕೂತೆ. ಒಳಗೆ ಬರುವ ಪ್ರತಿ ಮಗುವೂ ನನ್ನೆದುರು ನಿಂತು ಕಣ್ಣು ಅಗಲಿಸಿ ತೋರಿಸಬೇಕು. ಕೆಂಪು ಕಂಡರೆ ವಾಪಸ್ಸು ಮನೆಗೆ. ಕೆಂಪು ಬೇಕಾದಷ್ಟು ಕಂಡಿತು. ಪಿಕಪ್ಪಿನ ಹಿಂದೆ ನಿಂತು ಧೂಳು ಕುಡಿದು ಬಂದವನದು, ಹೋಮ್‌ವರ್ಕ್ ಮಾಡದೆ ಅತ್ತುಕೊಂಡು ಬಂದವಳದು, ಒಲೆ ಊದಿ ಬಂದವನದು. ಯಾರದು ರೋಗ, ಯಾರದು ಹೊಗೆ ಎಂದು ನನಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂದು ಒಪ್ಪಿಕೊಳ್ಳಲು ಕುರ್ಚಿ ಬಿಡಲಿಲ್ಲ. ಎಲ್ಲರನ್ನೂ ಕಳಿಸಿದೆ.

ಪಿ.ಟಿ. ಮೇಷ್ಟ್ರು ರಫೀಕ್ ಸಾರ್ ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

"ನಿಮ್ಮ ಕಣ್ಣೂ ಸ್ವಲ್ಪ ಕೆಂಪಿದೆಯಲ್ಲ ಸಾರ್?"

"ಅದು ಜವಾಬ್ದಾರಿ," ಎಂದೆ.

ಇಲ್ಲ, ಹಾಗೆ ಹೇಳಿರಲಾರೆ. ಅಷ್ಟು ಚುರುಕಾದ ಉತ್ತರ ನನಗೆ ಹೊಳೆಯುವುದು ಎರಡು ದಿನ ತಡವಾಗಿ. ಬಹುಶಃ "ಹ್ಞಾಂ?" ಎಂದಿರಬೇಕು.

ಮನೆಗೆ ಕಳಿಸಿದ ಮಕ್ಕಳು ಮನೆಗೆ ಹೋಗಲಿಲ್ಲ. ಹಳ್ಳದ ಹತ್ತಿರ ಕ್ರಿಕೆಟ್ ಆಡಿದರು, ಪೇಟೆ ಸುತ್ತಿದರು, ಐಸ್ ಕ್ಯಾಂಡಿ ತಿಂದರು. ಸುದ್ದಿ ಹಬ್ಬಿತು. ಮಾರನೆಯ ದಿನ ಅರ್ಧ ಶಾಲೆಯ ಕಣ್ಣು ಕೆಂಪು. ಕಾಂಪೌಂಡಿನ ಹಿಂದೆ ಹೋಗಿ ನೋಡಿದರೆ ಸಾಲಾಗಿ ನಿಂತು ತೋಳಿನಿಂದ ಕಣ್ಣುಜ್ಜಿಕೊಳ್ಳುತ್ತಿದ್ದಾರೆ. ಒಬ್ಬ ಬಿಸಿಯೂಟದ ಕೋಣೆಯಿಂದ ಈರುಳ್ಳಿ ತಂದು ಗೆಳೆಯರಿಗೆಲ್ಲ ಹಂಚುತ್ತಿದ್ದ. ಅವನಿಗೆ ಮುಂದೆ ಒಳ್ಳೆಯ ಭವಿಷ್ಯವಿದೆ.

ಇನ್ನು ಮನೆಗೆ ಕಳಿಸುವುದು ನಿಲ್ಲಿಸಿ, ಕೆಂಪು ಕಣ್ಣಿನವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿದೆ. ಸುಳ್ಳು ಕಣ್ಣಿನವರ ನಡುವೆ ನಿಜದ ಕಣ್ಣಿನವರು ಎಷ್ಟು ಜನ ಇದ್ದರೋ. ಮಕ್ಕಳು ಕಣ್ಣು ಮುಟ್ಟಿಕೊಳ್ಳುವುದೇ ಎಲ್ಲ ಅನಾಹುತಕ್ಕೆ ಮೂಲ ಎಂಬುದು ಆಗ ನನಗೆ ಸ್ಪಷ್ಟವಾಯಿತು. ಇದೊಂದು ನಾನು ಸರಿಯಾಗಿಯೇ ಕಂಡುಹಿಡಿದದ್ದು.

"ಪ್ರಮಾಣ ಮಾಡಿಸ್ತೀನಿ ಮೇಡಂ," ಎಂದೆ. "ಕಣ್ಣು ಮುಟ್ಟಲ್ಲ ಅಂತ."

ಲಲಿತಾ ಮೇಡಂಗೆ ಅಷ್ಟು ಉತ್ಸಾಹ ಬರಲಿಲ್ಲ. "ದಿನಾ ಬೆಳಿಗ್ಗೆ ಪ್ರತಿಜ್ಞೆ ಹೇಳಿಸ್ತೀವಲ್ಲ ಸಾರ್. ಅದೇ ಯಾರಿಗೂ ನೆನಪಿರಲ್ಲ."

"ಬಾಯಲ್ಲಿ ಹೇಳೋದು ಬೇರೆ. ಒಂದು ವಸ್ತು ಮುಟ್ಟಿ ಹೇಳಿದ್ರೆ ಮನಸ್ಸಿಗೆ ತಾಗುತ್ತೆ."

"ಎಂತದನ್ನ ಮುಟ್ಟೋದು? ಆಮೇಲೆ ಯಾರಾದ್ರೂ ಬಂದು ಗಲಾಟೆ ಮಾಡಿದ್ರೆ ನಾನಂತೂ ಉತ್ತರ ಕೊಡಲ್ಲ."

ಆಲೋಚಿಸಿದೆ. ಯಾವ ಧರ್ಮಕ್ಕೂ ಸೇರದ, ಎಲ್ಲ ಮಕ್ಕಳೂ ಸಮನಾಗಿ ಹೆದರುವ ಪುಸ್ತಕ ಬೇಕು. ಗ್ರಂಥಾಲಯದ ಕಪಾಟಿನಲ್ಲಿ ಅಂಥದ್ದು ಒಂದೇ ಇತ್ತು. ನಿಘಂಟು. ದಪ್ಪ ರಟ್ಟಿನದು, ಎತ್ತಲು ಎರಡು ಕೈ ಬೇಕು.

ಧ್ವಜಸ್ತಂಭದ ಎದುರು ಮೇಜು, ಮೇಜಿನ ಮೇಲೆ ಕೆಂಪು ಬಟ್ಟೆ, ಬಟ್ಟೆಯ ಮೇಲೆ ನಿಘಂಟು. ಇಡೀ ಶಾಲೆ ಸಾಲಿನಲ್ಲಿ. ಮೈಕಿನಲ್ಲಿ ನಾನು.

"ಕಣ್ಣು ಕೆಂಪಾದವರು ಮೊದಲು ಬನ್ನಿ. ಈ ಪ್ರಮಾಣದ ಅಗತ್ಯ ನಿಮಗೇ ಹೆಚ್ಚು."

ಈ ವಾಕ್ಯ ಮಾತ್ರ ನನಗೆ ಅಕ್ಷರಶಃ ನೆನಪಿದೆ. ಮರೆಯಲು ಪ್ರಯತ್ನಪಟ್ಟಿದ್ದೇನೆ.

ಅವರು ಬಂದರು. ಒಬ್ಬೊಬ್ಬರೇ ನಿಘಂಟಿನ ಮೇಲೆ ಕೈಯಿಟ್ಟು, "ನಾನು ಇನ್ನು ಮುಂದೆ ನನ್ನ ಕಣ್ಣುಗಳನ್ನು ಮುಟ್ಟುವುದಿಲ್ಲ" ಎಂದರು. ಎಂದು, ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ, ಭಕ್ತಿಯಿಂದ ಒಂದು ಕಣ್ಣಿಗೆ ಒತ್ತಿಕೊಂಡು, ಇನ್ನೊಂದು ಕಣ್ಣಿಗೂ ಒತ್ತಿಕೊಂಡು, ಮತ್ತೆ ಮೇಜಿನ ಮೇಲಿಟ್ಟು, ಮುಂದಿನವರಿಗೆ ಜಾಗ ಬಿಟ್ಟರು. ಕೆಂಪು ಕಣ್ಣಿನವರಾದ ಮೇಲೆ ಬಿಳಿ ಕಣ್ಣಿನವರು. ಅವರಾದ ಮೇಲೆ ಶಿಕ್ಷಕರು, ಮಾದರಿಯಾಗಿ. ರಫೀಕ್ ಸಾರ್ ಒತ್ತಿಕೊಂಡರು. ಲಲಿತಾ ಮೇಡಂ ಕನ್ನಡಕ ತೆಗೆದು ಒತ್ತಿಕೊಂಡರು. ಇಂಥ ಶಿಸ್ತನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಕೊನೆಯವನಾಗಿ ನಾನೂ ಪ್ರಮಾಣ ಮಾಡಿ, ಒತ್ತಿಕೊಂಡು, ಕಣ್ಣೊರೆಸಿಕೊಂಡೆ.

ಆಮೇಲೆ ಎಣಿಸಿದರೆ ಖೋ ಖೋ ತಂಡವೇ ಇಲ್ಲ. ಯಾರಿಗಾಗಿ ಇಷ್ಟೆಲ್ಲ ಮಾಡಿದ್ದೆನೋ ಅವರೇ ಇಲ್ಲ. ಸಿಟ್ಟು ಬಂತು. ನಿಘಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಮೈದಾನಕ್ಕೆ ಹೋದೆ. ಹುಡುಗಿಯರು ಕಂಬದಿಂದ ಕಂಬಕ್ಕೆ ಓಡುತ್ತಿದ್ದರು.

"ಚೈತ್ರ, ಎಲ್ಲರೂ ಪ್ರಮಾಣ ಮಾಡಿದ್ರು. ನೀವೆಲ್ಲಿ ಹೋಗಿದ್ರಿ?"

"ಪ್ರಾಕ್ಟೀಸ್ ಇತ್ತು ಸಾರ್."

"ಬನ್ನಿ ಇಲ್ಲೇ ಮಾಡಿ. ಪುಸ್ತಕ ತಂದಿದೀನಿ."

ಚೈತ್ರ ತನ್ನ ಎರಡೂ ಅಂಗೈ ತೋರಿಸಿದಳು. "ಮಣ್ಣು ಸಾರ್. ಇಂಥ ಕೈಯಲ್ಲಿ ಪುಸ್ತಕ ಮುಟ್ಟೋದಾ?"

"ತೊಳ್ಕೊಂಡು ಬಾ."

"ತೊಳೆದ್ರೂ ಮತ್ತೆ ಆಡ್ಬೇಕಲ್ಲ ಸಾರ್. ನಾಳೆ ಮಾಡ್ತೀವಿ."

ಪುಸ್ತಕದ ಮೇಲೆ ಅವಳಿಗಿದ್ದ ಗೌರವ ಕಂಡು ನನ್ನ ಸಿಟ್ಟು ಇಳಿಯಿತು. ನಾಳೆ ತಪ್ಪದೆ ಮಾಡಬೇಕೆಂದು ತಾಕೀತು ಮಾಡಿ ಬಂದೆ.

ಸಂಜೆ ಸಮಾರಂಭದ ಫೋಟೋಗಳನ್ನು ಸ್ಟೇಟಸ್ಸಿಗೆ ಹಾಕಿ, ಹೆಂಡತಿ ಸುಮನಾ ನೋಡಲಿ ಎಂದು ಕಾದೆ. ಅವಳು ಪಕ್ಕದೂರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನೋಡಿದಳು. ಫೋಟೋ ದೊಡ್ಡದು ಮಾಡಿ ಮತ್ತೆ ನೋಡಿದಳು.

"ಇದೆಂತ ಮಾರಾಯ್ರೇ, ಮಕ್ಕಳು ಕಣ್ಣಿಗೆ ಎಂತದೋ ಒತ್ಕೊಳ್ತಿದಾರಲ್ಲ?"

"ನಿಘಂಟು."

"ಎಲ್ಲರೂ?"

"ಖೋ ಖೋ ತಂಡ ಬಿಟ್ರೆ ಎಲ್ಲರೂ."

"ಒಂದೇ ನಿಘಂಟಾ?"

"ಶಾಲೇಲಿ ಇರೋದೇ ಒಂದು."

"ಕಣ್ಣುಬೇನೆ ಬಂದೋರೂ ಒತ್ಕೊಂಡ್ರಾ?"

"ಅವರೇ ಮೊದಲು," ಎನ್ನುತ್ತಿದ್ದ ಹಾಗೆ ನನ್ನ ಬಾಯಿ ತಾನಾಗಿ ನಿಂತಿತು.

ಸುಮನಾ ಎದ್ದುಹೋದಳು. ಅವಳು ನಗಲಿಲ್ಲ ಎಂದು ನಾನು ಇಲ್ಲಿ ಬರೆದಿದ್ದೆ. ಈಗ ಬೆನ್ನ ಹಿಂದೆ ನಿಂತು ಓದಿದವಳು, "ನಕ್ಕಿದ್ದೆ, ಬಚ್ಚಲಿಗೆ ಹೋಗಿ. ಅದನ್ನೂ ಹಾಕಿ," ಎನ್ನುತ್ತಾಳೆ. ಹಾಕಿದ್ದೇನೆ. ವಾಪಸ್ಸು ಬಂದಾಗ ಅವಳ ಕೈಯಲ್ಲಿ ನನ್ನ ಟವೆಲ್ಲು, ತಟ್ಟೆ, ಲೋಟ, ದಿಂಬು ಇದ್ದವು. ಎಲ್ಲವನ್ನೂ ಹೊರಗಿನ ಕೋಣೆಯಲ್ಲಿಟ್ಟು, "ಇನ್ನು ನೀವೂ ಅಲ್ಲೇ," ಎಂದಳು.

ಒಂದು ದಿನ ಏನೂ ಆಗಲಿಲ್ಲ. ಬಚಾವಾದೆ ಎಂದುಕೊಂಡೆ. ಅದರ ಮರುಬೆಳಿಗ್ಗೆ ಎಚ್ಚರವಾಯಿತು, ಕಣ್ಣು ತೆರೆಯಲಿಲ್ಲ. ಪಿಸುರು ಕಟ್ಟಿ ಎರಡೂ ರೆಪ್ಪೆ ಅಂಟಿಕೊಂಡಿದ್ದವು. ತಡಕಾಡಿ ಫೋನ್ ಎತ್ತಿದರೆ ಲಲಿತಾ ಮೇಡಂ.

"ನಿಮಗೂ ಬಂತಾ ಸಾರ್?"

"ಬಂತು ಮೇಡಂ."

"ನನಗೂ. ರಫೀಕ್ ಸಾರಿಗೂ. ಒಟ್ಟಿನಲ್ಲಿ ಪ್ರಮಾಣ ಮನಸ್ಸಿಗೆ ತಾಗಿದೆಯೋ ಇಲ್ವೋ ಗೊತ್ತಿಲ್ಲ, ಉಳಿದದ್ದೆಲ್ಲ ತಾಗಿದೆ."

ಶಾಲೆಗೆ ರಜೆ ಕೊಡಬೇಕಾಯಿತು. ಪೇಟೆಯಲ್ಲಿ ಕಪ್ಪು ಕನ್ನಡಕ ಖಾಲಿ. ಡಾಕ್ಟರ ಹತ್ತಿರ ಹೋಗಲು ಬಸ್ಸು ಹತ್ತಿದರೆ ಅರ್ಧ ಬಸ್ಸು ನಮ್ಮ ಶಾಲೆಯೇ, ಎಲ್ಲರದೂ ಕಪ್ಪು ಕನ್ನಡಕ. ಕಂಡಕ್ಟರ್ ಟಿಕೆಟ್ ಹರಿಯುತ್ತ, "ಎಂತ ಸಾರ್, ಶೂಟಿಂಗಾ?" ಎಂದ. ಮಕ್ಕಳು ನನ್ನ ಕಡೆ ತಿರುಗಿದರು. ಯಾರು ಯಾರು ದುರುಗುಟ್ಟಿ ನೋಡಿದರು ಎಂದು ಕಪ್ಪು ಗಾಜಿನಿಂದಾಗಿ ಕಾಣಲಿಲ್ಲ. ಅದೊಂದು ಉಪಕಾರ.

ನನ್ನನ್ನು ತಿನ್ನುತ್ತಿದ್ದ ಚಿಂತೆ ಒಂದೇ, ಖೋ ಖೋ ತಂಡ. ಪ್ರಮಾಣದ ಮರುದಿನ ನಾನೇ ನಿಘಂಟನ್ನು ಡೆಟಾಲ್ ಬಟ್ಟೆಯಲ್ಲಿ ಒರೆಸಿ ಬೀರುವಿನೊಳಗೆ ಬೀಗ ಹಾಕಿದ್ದೆ. ಆ ಹುಡುಗಿಯರು ಅದನ್ನು ಮುಟ್ಟಿರಲಿಲ್ಲ. ಆದರೆ ಬೆಂಚು, ಬಾಗಿಲು, ಗೆಳತಿಯರ ಕೈ? ಚೈತ್ರಳ ಅಮ್ಮನ ಫೋನಿಗೆ ಕರೆ ಮಾಡಿ ಕೇಳಿದೆ. ಸ್ವಲ್ಪ ಹೊತ್ತಿಗೆ ಒಂದು ಫೋಟೋ ಬಂತು. ನನ್ನ ಕಣ್ಣಿಗೆ ಮಂಜು ಮಂಜು. ಸುಮನಾ ಬಾಗಿಲಾಚೆ ನಿಂತು ನೋಡಿ ವರದಿ ಕೊಟ್ಟಳು.

"ಇಡೀ ತಂಡ ಸಾಲಾಗಿ ನಿಂತು ರೆಪ್ಪೆ ಎಳೆದು ತೋರಿಸ್ತಿದೆ. ನೋಡೋಕೆ ಆಗಲ್ಲ."

"ಕೆಂಪಾ?"

"ಹಾಲಿನ ಹಾಗೆ ಬೆಳ್ಳಗಿದೆ ಮಾರಾಯ್ರೇ. ನಿಮ್ಮ ಶಾಲೇಲಿ ಕಣ್ಣು ಅಂತ ಉಳ್ಕೊಂಡಿರೋದು ಇವರಿಗೆ ಮಾತ್ರ."

ಸಂತೋಷಪಡುವ ಮೊದಲೇ ಇನ್ನೊಂದು ತೊಡಕು. ತಂಡದ ಜೊತೆ ಶಿಕ್ಷಕರೊಬ್ಬರು ಹೋಗಲೇಬೇಕು. ನಮ್ಮಲ್ಲಿ ಕೆಂಪಗಾಗದ ಶಿಕ್ಷಕರೇ ಇಲ್ಲ. ಮಾದರಿಯಾಗಿದ್ದೆವಲ್ಲ. ಲಲಿತಾ ಮೇಡಂ ಯಾರಿಗೆಲ್ಲ ಫೋನ್ ಮಾಡಿದರೋ, ಕೊನೆಗೆ ಅನುಮತಿ ಸಿಕ್ಕಿದ್ದು ಪಕ್ಕದೂರಿನ ಪ್ರಾಥಮಿಕ ಶಾಲೆಯ ಟೀಚರಿಗೆ. ಅಂದರೆ ನನ್ನ ಹೆಂಡತಿಗೆ. ಶನಿವಾರ ಬೆಳಿಗ್ಗೆ ಅವಳು ನನ್ನ ಕಣ್ಣಿನ ಹನಿಯ ಬಾಟಲಿಯನ್ನು ಕಿಟಕಿಯಲ್ಲಿಟ್ಟು, "ಹೋಗಿ ಬರ್ತೀನಿ, ಯಾರಿಗೂ ಪ್ರಮಾಣ ಮಾಡಿಸ್ಬೇಡಿ," ಎಂದು ಹೊರಟಳು.

ಹೊಸನಗರದ ಮೈದಾನದ ಬಾಗಿಲಲ್ಲಿ ಕಣ್ಣಿನ ತಪಾಸಣೆ ಇತ್ತಂತೆ. ನಮ್ಮ ಶಾಲೆಯ ಹೆಸರು ಕೇಳಿದ್ದೇ ತಪಾಸಣೆಯವರು ಹಿಂದೆ ಸರಿದರಂತೆ. ಟಾರ್ಚು ಹಾಕಿ ಎರಡೆರಡು ಸಲ ನೋಡಿ, ನಂಬಲಾಗದೆ ಮತ್ತೊಬ್ಬರನ್ನು ಕರೆದು ತೋರಿಸಿ, ಆಮೇಲೆ ಒಳಗೆ ಬಿಟ್ಟರಂತೆ. ಇಷ್ಟನ್ನು ಸುಮನಾ ಫೋನಿನಲ್ಲಿ ಹೇಳಿ, ಆಟ ಶುರುವಾಯಿತೆಂದು ಇಟ್ಟುಬಿಟ್ಟಳು. ಮತ್ತೆ ಸಂಜೆಯವರೆಗೆ ಮಾತಿಲ್ಲ. ನಾನು ಹೊರಕೋಣೆಯಲ್ಲಿ ಮಲಗಿ, ಕಣ್ಣಿಗೆ ಬಿಡಬೇಕಾದ ಹನಿಯನ್ನು ಗಾಬರಿಯಲ್ಲಿ ಕಿವಿಗೆ ಬಿಟ್ಟುಕೊಂಡೆ.

ಸಂಜೆ ಫೋನ್ ಬಂತು. ಹಿಂದಿನಿಂದ ಕೂಗಾಟವೋ ಕೂಗಾಟ.

"ಗೆದ್ರು," ಎಂದಳು ಸುಮನಾ. "ಕೊನೇ ಪಾಯಿಂಟು ಚೈತ್ರಂದೇ."

ಆ ಹೊತ್ತಿಗೆ ನನಗೆ ಕಣ್ಣಲ್ಲಿ ನೀರು ಬಂತು. ಅದು ರೋಗದ್ದೋ ಸಂತೋಷದ್ದೋ ವಿಂಗಡಿಸಲು ಆಗಲಿಲ್ಲ.

ಶಾಲೆ ಮತ್ತೆ ತೆರೆದ ದಿನ ಚೈತ್ರಳನ್ನು ಪಕ್ಕಕ್ಕೆ ಕರೆದೆ. ಅವತ್ತು ಪ್ರಮಾಣದ ಸಾಲಿಗೆ ಬಾರದೆ ಇದ್ದದ್ದು ನಿಜವಾಗಿ ಪ್ರಾಕ್ಟೀಸಿಗಾಗಿಯೇ, ಅಥವಾ ದೂರದಿಂದ ನಮ್ಮನ್ನೆಲ್ಲ ನೋಡಿ ಇವರಿಗೆ ಬುದ್ಧಿಯಿಲ್ಲ ಎಂದು ತಂಡವನ್ನು ಬೇಕೆಂದೇ ಆಚೆ ಇಟ್ಟುಕೊಂಡಳೇ ಎಂದು ಕೇಳಿದೆ. ಇಷ್ಟು ನೇರವಾಗಿ ಕೇಳಿರಲಿಕ್ಕಿಲ್ಲ. ಸುತ್ತಿ ಬಳಸಿಯೇ ಕೇಳಿರಬೇಕು.

"ಎಂತ ಸಾರ್," ಎಂದಳು, "ನಿಮ್ಮ ಮಾತು ಮೀರ್ತೀವಾ ನಾವು?"

ಅದು ಉತ್ತರವಲ್ಲ ಎಂದು ನಾನು ಗಮನಿಸುವಷ್ಟರಲ್ಲಿ ಅವಳು ಹೋಗಿಯಾಗಿತ್ತು. ಮನೆಗೆ ಬಂದು ಸುಮನಾಳನ್ನು ಕೇಳಿದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಪಕ್ಕ ಪಕ್ಕ ಕೂತಿದ್ದರಲ್ಲ, ಏನಾದರೂ ಹೇಳಿದಳೇ?

"ಹೇಳಿದಾಳೆ."

"ಎಂತ ಹೇಳಿದ್ಲು?"

"ನಿಮಗೆ ಹೇಳ್ಬೇಡಿ ಅಂದಿದಾಳೆ. ಬೇಜಾರು ಮಾಡ್ಕೊಳ್ತಾರೆ ಅಂತ."

ಹೇಳಿದರೆ ಬೇಜಾರಾಗುವಂಥದ್ದು ಎಂದಮೇಲೆ ಏನಿರಬಹುದೆಂದು ಊಹಿಸಬಹುದು. ಆದರೆ ನನ್ನ ಊಹೆಗಳ ಯೋಗ್ಯತೆಯನ್ನು ಇಡೀ ತಾಲ್ಲೂಕು ಕಂಡಿದೆ. ಚೈತ್ರ ಈಗ ಕಾಲೇಜಿನಲ್ಲಿದ್ದಾಳೆ. ಸುಮನಾ ಈ ಪುಟವನ್ನೂ ಓದಿ, ಒಂದು ಕಡೆ ಕಾಗುಣಿತ ತಿದ್ದಿ, ಬಾಯಿ ಬಿಡದೆ ಒಳಗೆ ಹೋದಳು. ಆ ಹುಡುಗಿ ಅವತ್ತು ಏನೋ ತಿಳಿದು ದೂರ ನಿಂತಳೋ, ಅಥವಾ ಏನೂ ತಿಳಿಯದೆಯೇ ನಿಂತಳೋ, ನನಗೆ ಗೊತ್ತಿಲ್ಲ.