ಕೊಂಬಿಲ್ಲದ ಶಿರಸ್ತ್ರಾಣ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ತಾರ್ನಾಕದ ಕನ್ನಡಿಗರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಶುದ್ಧ ಸುಳ್ಳು. ಬಂದ ಸಿಟ್ಟು ಹೋಗುವುದಿಲ್ಲ, ಅಷ್ಟೇ. ಈ ಪ್ರಸಂಗ ನಡೆದು ಎಷ್ಟೋ ವರ್ಷವಾಗಿದೆ, ಬರೆಯಲು ಕೂತರೆ ಈಗಲೂ ಕಿವಿ ಬಿಸಿಯಾಗುತ್ತದೆ.

ತೆಲುಗರ ಈ ಊರಿನ ಮಾಧಾಪುರದ ಕಡೆ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ನಾನು ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ನೌಕರ. ನಮ್ಮ ಕನ್ನಡ ಸಂಘದಲ್ಲಿ ಪ್ರತಿ ನವೆಂಬರಿಗೆ ಒಂದು ಐತಿಹಾಸಿಕ ನಾಟಕ ಆಗಲೇಬೇಕು. ಆ ವರ್ಷ ಹೊಸದಾಗಿ ಸೇರಿದ ಸಾಫ್ಟ್‌ವೇರ್ ಹುಡುಗರು, ನಾಟಕ ಬೇಡ, ಆರ್ಕೆಸ್ಟ್ರಾ ಇಡೋಣ ಎಂದರು. ನಾನು ಎದ್ದು ನಿಂತು ಕೂಗಾಡಿದೆ. ಕೊನೆಗೆ ಅಧ್ಯಕ್ಷ ದೇಸಾಯರು ತೀರ್ಪು ಕೊಟ್ಟರು: ಈ ಸಲ ನಾಟಕ, ಜನಕ್ಕೆ ಹಿಡಿಸದಿದ್ದರೆ ಮುಂದಿನ ವರ್ಷದಿಂದ ಆರ್ಕೆಸ್ಟ್ರಾ. ಎಲ್ಲರಿಗಿಂತ ಜೋರಾಗಿ ಕೂಗಿದ್ದರಿಂದ ಸೇನಾಪತಿಯ ಪಾತ್ರ ನನ್ನ ಪಾಲಿಗೆ ಬಂತು. ಅಲ್ಲಿಯವರೆಗೆ ನಾನು ಭರ್ಜಿ ಹಿಡಿದು ಹಿಂದೆ ನಿಲ್ಲುವ ಸೈನಿಕ. ಈಗ ನಾಟಕದ ಭವಿಷ್ಯವೇ ನನ್ನ ತಲೆಯ ಮೇಲಿತ್ತು.

ಕಥೆ ಬಹಮನಿ ಕಾಲದ್ದು. ರಾಜ ದುಷ್ಟ, ಸೇನಾಪತಿ ಸಜ್ಜನ. ಕೊನೆಯ ಅಂಕದಲ್ಲಿ ಸೇನಾಪತಿ ತನ್ನ ಶಿರಸ್ತ್ರಾಣ ತೆಗೆದು ರಾಜನ ಪಾದದ ಬಳಿ ಇಟ್ಟು ನೌಕರಿ ಬಿಡುತ್ತಾನೆ. ಹೆಂಗಸರು ಅಲ್ಲಿ ಅಳಬೇಕು.

ರಾಜನ ಪಾತ್ರ ಪ್ರವೀಣನದು. ಹುಬ್ಬಳ್ಳಿಯವನು, ಆರ್ಕೆಸ್ಟ್ರಾ ಗುಂಪಿನ ಮುಖಂಡ. ವೇಷಭೂಷಣವನ್ನೂ ಅವನ ಕೈಗೇ ಕೊಟ್ಟಿದ್ದರು. ಕೋಠಿಯ ಬಾಡಿಗೆ ಅಂಗಡಿಯಿಂದ ಅವನು ತಂದ ಶಿರಸ್ತ್ರಾಣ ನೋಡಿ ನನ್ನ ಮೈ ಉರಿಯಿತು. ಅದಕ್ಕೆ ಎರಡು ಕೊಂಬು!

"ದಖ್ಖನದಾಗ ಯಾವ ಸೇನಾಪತಿ ಕೊಂಬು ಇಟ್ಕೊಂಡು ಯುದ್ಧಕ್ಕ ಹೋಗಿದ್ದನೋ?" ಎಂದೆ.

"ಯಾರು ನೋಡ್ತಾರ್ರೀ ಸರ, ಅದನ್ನೆಲ್ಲಾ. ಕೊಂಬಿದ್ರ ಭಾಳ ರುಬಾಬ್ ಕಾಣತೈತಿ."

"ನಾ ನೋಡ್ತೀನಿ!"

ಮರುದಿನವೇ ರಜೆ ಹಾಕಿ ವಸ್ತುಸಂಗ್ರಹಾಲಯಕ್ಕೆ ಹೋದೆ. ಗಾಜಿನೊಳಗೆ ಅಪ್ಪಟ ಮಾಲು ಇತ್ತು. ಬೋಗುಣಿಯಂತಹ ಉಕ್ಕಿನ ಟೋಪಿ, ನೆತ್ತಿಗೆ ಮೊಳೆ, ಮೂಗಿನ ಮುಂದೆ ಮೇಲೆ ಕೆಳಗೆ ಸರಿಯುವ ಪಟ್ಟಿ, ಕಿವಿಯಿಂದ ಭುಜದವರೆಗೆ ಇಳಿಬಿದ್ದ ಉಂಗುರಗಳ ಜಾಲರಿ. ಚಿತ್ರ ಬರೆದುಕೊಂಡು ನೇರ ಉಪ್ಪಲ್‌ಗೆ ಹೋಗಿ, ಏರ್ ಕೂಲರ್ ಮಾಡುವ ಅಂಗಡಿಯಲ್ಲಿ ದಪ್ಪ ತಗಡಿನಲ್ಲಿ ಮಾಡಲು ಹಾಕಿದೆ. ಬೀಗದ ಕೈ ಗೊಂಚಲಿಗೆ ಹಾಕುವ ಉಂಗುರಗಳನ್ನು ರಾಶಿ ತಂದು, ನಾನೂ ನನ್ನ ಹೆಂಡತಿ ಶಾರದೆಯೂ ಉಗುರು ಕಿತ್ತುಹೋಗುವಂತೆ ಜಾಲರಿ ಹೆಣೆದೆವು.

ಕೂಲರಿನವನು ತನ್ನ ತೆಲುಗಿನಲ್ಲಿ 'ರೇಪು, ರೇಪು', ನಾಳೆ, ನಾಳೆ ಎಂದು ಸತಾಯಿಸಿ ನಾಟಕದ ದಿನ ಬೆಳಿಗ್ಗೆ ಅದನ್ನು ಕೈಗೆ ಕೊಟ್ಟ. ತಾಲೀಮೆಲ್ಲ ಬರಿ ತಲೆಯಲ್ಲೇ ಮುಗಿದಿತ್ತು. ಮನೆಯಲ್ಲಿ ಹಾಕಿಕೊಂಡು ತೋರಿಸಿದೆ.

ಶಾರದೆ ಸುತ್ತು ಬಂದು ನೋಡಿದಳು. "ಕಿವಿ ಪೂರಾ ಮುಚ್ಚೇತಲ್ರೀ."

"ಯುದ್ಧದಾಗ ಕಿವಿಗೇನ ಕೆಲಸ?"

"ನಾಟಕದಾಗ ಐತೇನೋ ಅಂತ."

ಇಂಥ ಅಪಶಕುನದ ಮಾತಿಗೆ ನಾನು ಉತ್ತರ ಕೊಡುವುದಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಸಂಘದಲ್ಲಿ ಮಾತು ಬಾಯಿಪಾಠ ಮಾಡುವ ಪದ್ಧತಿ ಇಲ್ಲ. ಪರದೆಯ ಮರೆಯಲ್ಲಿ ಕುಲಕರ್ಣಿ ಮಾಸ್ತರರು ಪುಸ್ತಕ ಹಿಡಿದು ಕೂರುತ್ತಾರೆ. ಅವರು ಪಿಸುಗುಡುತ್ತಾರೆ, ನಾವು ಗುಡುಗುತ್ತೇವೆ.

ಸಂಜೆ ರಂಗಕ್ಕೆ ಬಂದಾಗ ಚಪ್ಪಾಳೆ ಬಿತ್ತು. ಮೊದಲ ಮಾತು ನನಗೆ ಗೊತ್ತಿತ್ತು, ಗುಡುಗಿದೆ. ಎರಡನೆಯದಕ್ಕೆ ಮಾಸ್ತರರ ಕಡೆ ಕಿವಿ ಕೊಟ್ಟೆ. ಉಂಗುರಗಳ ಛಣಛಣ ಬಿಟ್ಟು ಇನ್ನೇನೂ ಕೇಳಲಿಲ್ಲ. ಮಾಸ್ತರರು ದನಿ ಏರಿಸಿದರು. ಮತ್ತೂ ಏರಿಸಿದರು. ಕಡೆಯ ಸಾಲಿನವರಿಗೂ ಅವರು ಹೇಳಿಕೊಟ್ಟ ನನ್ನ ಮಾತು ಕೇಳಿಸಿತಂತೆ, ನನಗೊಬ್ಬನಿಗೆ ಕೇಳಿಸಲಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬರು ಕರುಣೆಯಿಂದ, "'ಪ್ರಜೆಗಳ ಕಣ್ಣೀರು' ಅನ್ನಪಾ" ಎಂದು ಕೂಗಿ ಹೇಳಿದರು. ನಾನು ಅವರತ್ತ ಬಾಗಿದೆ. ಬಾಗಿದ ರಭಸಕ್ಕೆ ಮೂಗಿನ ಪಟ್ಟಿ ಜಾರಿ ಬಾಯಿಗೆ ಅಡ್ಡ ಬಂತು. ಐತಿಹಾಸಿಕವಾಗಿ ಅದು ಮೇಲೆ ಕೆಳಗೆ ಸರಿಯಲೇಬೇಕು, ಅದರಲ್ಲಿ ತಪ್ಪೇನೂ ಇಲ್ಲ.

ಪ್ರವೀಣ ತನ್ನ ಮಾತಿನ ಜೊತೆ ನನ್ನದನ್ನೂ ಆಡತೊಡಗಿದ. ತಾನೇ ಬೈದು, ತಾನೇ ಉತ್ತರ ಕೊಟ್ಟು, ನನ್ನ ಪರವಾಗಿ ರಾಜೀನಾಮೆಯನ್ನೂ ಘೋಷಿಸಿದ. ನನಗೆ ಉಳಿದದ್ದು ಶಿರಸ್ತ್ರಾಣ ತೆಗೆಯುವುದೊಂದೇ. ಎಳೆದೆ. ಬರಲಿಲ್ಲ. ಜಾಲರಿಯ ಉಂಗುರಗಳು ಅಂಟಿಸಿದ ಗಡ್ಡಕ್ಕೆ ಸಿಕ್ಕಿಕೊಂಡಿದ್ದವು. ಪ್ರವೀಣ ಸಿಂಹಾಸನ ಇಳಿದು ಬಂದು, ನನ್ನನ್ನು ನೆಲಕ್ಕೆ ಕೂರಿಸಿ, ಭುಜಕ್ಕೆ ಮೊಣಕಾಲು ಕೊಟ್ಟು ಜಗ್ಗಿದ. ಶಿರಸ್ತ್ರಾಣ ಬಂತು, ಅದರ ಜೊತೆ ಅರ್ಧ ಗಡ್ಡವೂ ಬಂತು. ಹೆಂಗಸರು ಅತ್ತರು, ನಕ್ಕು ನಕ್ಕು ಅತ್ತರು.

ಯಾರೋ "ಒನ್ಸ್ ಮೋರ್" ಎಂದರು. ಆಮೇಲೆ ಸಭೆಯೇ "ಒನ್ಸ್ ಮೋರ್" ಎಂದಿತು.

ನಮ್ಮ ಕಡೆಯ ಕಂಪನಿ ನಾಟಕ ನೋಡಿ ಬೆಳೆದವರಿಗೆ ಗೊತ್ತು, ಒನ್ಸ್ ಮೋರ್ ಬಿದ್ದರೆ ಹಾಡಾಗಲಿ, ಸಾವಾಗಲಿ, ಮತ್ತೊಮ್ಮೆ ಮಾಡಿ ತೋರಿಸಲೇಬೇಕು. ನಾನು ಹಲ್ಲು ಕಡಿಯುತ್ತ ಒಳಗೆ ನಡೆದೆ. ದೇಸಾಯರು ದಾರಿಗೆ ಅಡ್ಡ ನಿಂತರು. "ಸಭಾದ ಮರ್ಯಾದಿ ಕಳೀಬ್ಯಾಡ್ರಿ ಪಾಟೀಲರ." ತಾವೇ ಶಿರಸ್ತ್ರಾಣ ನನ್ನ ತಲೆಗೇರಿಸಿ ರಂಗಕ್ಕೆ ನೂಕಿದರು. ಉಳಿದ ಅರ್ಧ ಗಡ್ಡ ಎರಡನೆಯ ಸಲಕ್ಕೆ ಕಿತ್ತುಬಂತು. ಅಂಟು ಮಾತ್ರ ಅಪ್ಪಟವಾಗಿತ್ತು.

ಒಳಗೆ ಕೂತು ಕೆನ್ನೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ನಮ್ಮ ನೆರೆಮನೆಯವರಾದ ಇತಿಹಾಸದ ನಿವೃತ್ತ ಪ್ರಾಧ್ಯಾಪಕರು ಬಂದರು. ಇವರಾದರೂ ಗುರುತಿಸಿಯಾರು ಎಂದು ಎದೆಯುಬ್ಬಿಸಿ ಕೇಳಿದೆ, "ಅಸಲಿ ನಮೂನಿ ಐತಿ ಅಲ್ರೀ ಸರ?"

"ಭಾಳ ಚಲೋ ಐತಿ. ಯುದ್ಧಕ್ಕ ಹಿಂಥಾದ್ದ ಹಾಕ್ಕೊಂತಿದ್ರು."

"ಮತ್ತ ಕೊಂಬಿಂದು?"

"ಅದೂ ಇತ್ತರಿ. ಇರಾನಿನ ಕಡೆ, ಇತ್ತೀಚಿನ ಕಾಲದಾಗ. ಅದನ್ನ ಯುದ್ಧಕ್ಕ ಹಾಕ್ತಿರಲಿಲ್ಲ, ಮೆರವಣಿಗಿಗೆ, ನಾಟಕಕ್ಕ ಹಾಕ್ತಿದ್ರು ಅಂತಾರ."

ಅವರ ಜೊತೆ ನಾನು ಬಹಳ ದಿನ ಮಾತು ಬಿಟ್ಟಿದ್ದೆ.

ಮುಂದಿನ ಭಾನುವಾರ ಸಂಘದ ಸಭೆ. ನಾಟಕ ಸತ್ತಿತು, ಕೊಂದವನು ನಾನೇ ಎಂದುಕೊಂಡು ಹಿಂದಿನ ಕುರ್ಚಿಯಲ್ಲಿ ಕೂತಿದ್ದೆ. ಪ್ರವೀಣನೇ ಎದ್ದ. "ಆರ್ಕೆಸ್ಟ್ರಾ ಬ್ಯಾಡ್ರಿ. ನಮ್ಮ ಹುಡುಗರೆಲ್ಲಾ ನಾಟಕನ ಬೇಕು ಅನ್ನಾಕತ್ತಾರ. ಇದ ನಾಟಕ, ಇದ ಸೀನು, ಪಾಟೀಲ ಸರ್ದು ಇದ ಟೋಪಿಗಿ."

ಎಲ್ಲರೂ ಕೈ ಎತ್ತಿದರು. ನಾನು ಎದ್ದು, "ಇದು ದುಃಖದ ನಾಟಕ, ಮಂಗ್ಯಾನ ಆಟ ಅಲ್ಲ" ಎಂದು ಗುಡುಗಿದೆ. ಅದಕ್ಕೂ ನಕ್ಕರು. ದೇಸಾಯರು ಮೆಲ್ಲಗೆ ಕೇಳಿದರು, "ನಾಟಕ ಉಳೀಬೇಕೋ ಬ್ಯಾಡೋ, ಹೇಳಿಬಿಡ್ರಿ." ನಾನು ಕೂತೆ.

ಮನೆಗೆ ಬಂದೆ. ಶಾರದೆ ಬಾಗಿಲಲ್ಲೇ ಕೇಳಿದಳು, "ಏನಾತ್ರಿ?"

"ನಾಟಕ ಉಳೀತು."

"ಮತ್ತ ಮಾರಿ ಯಾಕ ಹಂಗ?"

"ಮುಂದಿನ ವರ್ಷ ಎರಡು ಗಡ್ಡ ತರ್ರಿ ಅಂದಾರ. ಒಂದು ಒನ್ಸ್ ಮೋರ್‌ಗಂತ."