ಪಿ.ಯು.ಸಿ. ಆಗೈತಿ

ಸುಳ್ಳು ಹೇಳುವುದಕ್ಕೆ ಧೈರ್ಯ ಬೇಕು, ನೆನಪಿನ ಶಕ್ತಿಯೂ ಬೇಕು. ನನಗೆ ಮೊದಲನೆಯದು ಹುಟ್ಟಿನಿಂದಲೇ ಇಲ್ಲ. ಎರಡನೆಯದು ಈಚೆಗೆ ಕನ್ನಡಕ ಎಲ್ಲಿಟ್ಟೆ ಎಂಬಲ್ಲಿಗೇ ಮುಗಿದುಹೋಗುತ್ತದೆ. ಆದರೂ ಐವತ್ತು ವರ್ಷ ಒಂದು ಸುಳ್ಳಿನ ನೆರಳಿನಲ್ಲಿ ಸುಖವಾಗಿ ಸಂಸಾರ ಮಾಡಿದೆ. ಅದನ್ನು ನಾನು ಹೇಳಿದ್ದಲ್ಲ ಎಂಬುದೊಂದೇ ಸಮಾಧಾನ. ಹೇಳಿದ್ದು ನಮ್ಮ ಕಡೆಯ ಒಂದು ಕ್ರಿಯಾಪದ: ‘ಆಗೈತಿ’. ಊಟ ಆಗೈತಿ, ಲಗ್ನ ಆಗೈತಿ, ನೆಗಡಿ ಆಗೈತಿ. ಆದದ್ದು ಹೇಗೆ ಆಯಿತು, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂಬ ಉಸಾಬರಿಗೆ ಈ ಪದ ಹೋಗುವುದೇ ಇಲ್ಲ. ವೆರಿ ಡಿಪ್ಲೊಮ್ಯಾಟಿಕ್ ವರ್ಡ್.

ಮುಧೋಳದ ನಮ್ಮ ತವರಿಗೆ ಗಂಡಿನ ಕಡೆಯವರು ಕನ್ಯೆ ನೋಡಲು ಬಂದಿದ್ದರು. ಹುಡುಗ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ, ಮೆಟ್ರಿಕ್ ಪಾಸು. ಅವರಿಗೆ ಕಲಿತ ಹುಡುಗಿಯೇ ಬೇಕಂತೆ. ನಾನು ಚಹದ ಟ್ರೇ ಹಿಡಿದು ಹೊಸ್ತಿಲಿಗೆ ಬರುವುದಕ್ಕೂ ನನ್ನ ಸೋದರಮಾವ ಗುರಪ್ಪಮಾವ ಗಂಟಲು ಸರಿಮಾಡಿಕೊಳ್ಳುವುದಕ್ಕೂ ಸರಿಹೋಯಿತು. “ಹುಡುಗಿ ಬೆಳಗಾವಿ ಕಾನ್ವೆಂಟಿನ್ಯಾಗ ಕಲ್ತಾಳ್ರಿ. ಪಿ.ಯು.ಸಿ.ನೂ ಆಗೈತಿ.” ಬಂದವರೆಲ್ಲ ತಲೆದೂಗಿದರು. ನಾನು ಹೊಸ್ತಿಲಿನಿಂದಲೇ ಟ್ರೇ ಸಮೇತ ಹೊಳ್ಳಿ ಅಡುಗೆಮನೆಗೆ ಹೋದೆ. “ಯಾಕ ಬಂದಿ?” ಎಂದಳು ಅವ್ವ. “ಸಕ್ಕರಿ ಹಾಕಿಲ್ಲ ಅನಸ್ತೈತಿ” ಎಂದು ಎಲ್ಲ ಕಪ್ಪಿಗೂ ಇನ್ನೊಂದೊಂದು ಚಮಚ ಸುರಿದೆ. ಹಾಕಿದ್ದೆ, ಅದು ನನಗೂ ಗೊತ್ತಿತ್ತು. ಬಂದವರು ಅರ್ಧರ್ಧ ಕಪ್ಪು ಬಿಟ್ಟೆದ್ದರು. ಹುಡುಗ ಒಬ್ಬ ಮಾತ್ರ ಪೂರ್ತಿ ಕುಡಿದ. ಸಕ್ಕರೆ ಕಾರ್ಖಾನೆಯವನು, ಅಭ್ಯಾಸವಿರಬೇಕು ಎಂದುಕೊಂಡೆ.

ಗುರಪ್ಪಮಾವ ಹೇಳಿದ್ದು ಸುಳ್ಳಲ್ಲ. ಪಿ.ಯು.ಸಿ. ಆಗಿತ್ತು. ಉಳಿದ ವಿಷಯಗಳು ಒಂದು ತರಹ ಆಗಿದ್ದವು, ಎಕನಾಮಿಕ್ಸ್ ಮಾತ್ರ ಇನ್ನೊಂದು ತರಹ ಆಗಿತ್ತು. ನಮ್ಮಪ್ಪ ಸಂಸ್ಥಾನದ ಕಾಲದ ಕಾರಕೂನ. ಮಗಳು ಇಂಗ್ಲಿಷ್ ಮಾತಾಡಿದರೆ ಸ್ವರ್ಗ ಮೂರೇ ಗೇಣು ಎಂದು ನಂಬಿ ನನ್ನನ್ನು ಬೆಳಗಾವಿಯ ಬೋರ್ಡಿಂಗಿನಲ್ಲಿ ಬಿಟ್ಟಿದ್ದ. ಅಲ್ಲಿ ಸಿಸ್ಟರ್ ಫಿಲೋಮಿನಾ ನನಗೆ ಚಮಚದಲ್ಲಿ ಸದ್ದಿಲ್ಲದೆ ಸೂಪು ಕುಡಿಯುವುದನ್ನೂ, ‘ಎಕ್ಸ್‌ಕ್ಯೂಸ್ ಮಿ’ ಎನ್ನದೆ ಸೀನಬಾರದೆಂಬುದನ್ನೂ ಕಲಿಸಿದರು. ಆ ಕಾಲದ ಪಿ.ಯು.ಸಿ. ಒಂದೇ ವರ್ಷದ್ದು. ಕಾಲೇಜಿನಲ್ಲಿ ಡಿಮಾಂಡ್, ಸಪ್ಲೈ ಎರಡೂ ಗೆರೆ ಒಂದನ್ನೊಂದು ಅಡ್ಡ ಹಾಯುವ ಚಿತ್ರವನ್ನು ಲೆಕ್ಚರರು ಕರಿಹಲಗೆಯ ಮೇಲೆ ಬರೆದಾಗ ನನಗೆ ನಮ್ಮ ಚಾಪೆಲ್ಲಿನ ಶಿಲುಬೆ ವಾಲಿದಂತೆ ಕಾಣುತ್ತಿತ್ತು. ಭಕ್ತಿ ಬಂತು, ಅರ್ಥ ಬರಲಿಲ್ಲ. ಪ್ರತಿ ನಿಯಮದ ಮುಂದೂ ‘ಅದರ್ ಥಿಂಗ್ಸ್ ರಿಮೇನಿಂಗ್ ದ ಸೇಮ್’ ಎಂದು ಸೇರಿಸುತ್ತಿದ್ದರು. “ಸರ್, ವಾಟ್ ಆರ್ ದೀಸ್ ಅದರ್ ಥಿಂಗ್ಸ್?” ಎಂದು ನಾನು ಎದ್ದುನಿಂತು ಕೇಳಿದೆ. ಬಾಯಿಪಾಠ ಮಾಡು ಎಂದರು. ಮಾಡಿದೆ. ಪರೀಕ್ಷೆಯಲ್ಲಿ ಡಿಮಾಂಡಿನ ಗೆರೆಯನ್ನು ಮೇಲಕ್ಕೆ ಏರಿಸಿದೆ. ಜನಕ್ಕೆ ಹೆಚ್ಚು ಬೇಕಾದರೆ ಬೆಲೆ ಏರುವುದಿಲ್ಲವೇ ಎಂಬುದು ನನ್ನ ತರ್ಕ. ಪೇಪರು ತಿದ್ದಿದವರಿಗೆ ಈ ತರ್ಕ ಹಿಡಿಸಲಿಲ್ಲ. ಅಕ್ಟೋಬರಿನಲ್ಲಿ ಮತ್ತೆ ಕೂಡಬೇಕೆನ್ನುವಷ್ಟರಲ್ಲಿ ಲಗ್ನ ಆತು.

ನನ್ನ ಯಜಮಾನರು ಸಾಧು ಮನುಷ್ಯ. ಊರೂರಿಗೆ ಬದಲಿಯಾಗಿ, ಕಡೆಗೆ ಬಾಡಗಂಡಿ ಕಡೆಯ ಕಾರ್ಖಾನೆಯಲ್ಲಿ ರಿಟೈರಾಗಿ ಜಮಖಂಡಿಯಲ್ಲಿ ಮನೆ ಕಟ್ಟಿಸಿದರು. ಹೋದಲ್ಲೆಲ್ಲ ಅವರದು ಒಂದೇ ಹೆಮ್ಮೆ. ಯಾರಾದರೂ ಮನೆಗೆ ಬಂದು ಕುರ್ಚಿಯ ಮೇಲೆ ಕೂತು ಇನ್ನೂ ಟೊಪಿಗೆ ತೆಗೆದಿರುವುದಿಲ್ಲ, ಶುರುಮಾಡುವರು: “ನಮ್ಮ ಮನಿಯಾಕಿ ಕಾನ್ವೆಂಟಿನ್ಯಾಕಿ. ಪಿ.ಯು.ಸಿ. ಆಗೈತಿ.” ಆ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಎದ್ದು ಚಹ ಮಾಡಲು ಹೋಗಿಬಿಡುತ್ತಿದ್ದೆ. ಅಲ್ಲೇ ಕೂತರೆ ಬಂದವರು “ಯಾವ ಕ್ಲಾಸು ಬಂತ್ರಿ?” ಎಂದು ಕೇಳಿದರೆ ಏನು ಗತಿ? ಹೀಗಾಗಿ ನಮ್ಮ ಮನೆಯಲ್ಲಿ ಚಹ ಬೇಗ ಬರುತ್ತದೆ ಎಂದು ನಾಲ್ಕೂ ತಾಲೂಕಿನಲ್ಲಿ ಹೆಸರಾಯಿತು. ನಾಚಿಕೆ ಹೋಗಿ ಆತಿಥ್ಯವಾಗಿತ್ತು.

ಇಷ್ಟರಲ್ಲಿ ಸೊಸೆ ಸುವರ್ಣಾ ಬಂದಳು. ರಬಕವಿಯ ನೇಕಾರರ ಮಗಳು, ಎಸ್ಸೆಸ್ಸೆಲ್ಸಿ ಆದಮೇಲೆ ಮಗ್ಗಕ್ಕೆ ಕೂತವಳು. ಅವಳು ‘ಇಸ್ಕೂಲ್’ ಎಂದಾಗಲೆಲ್ಲ ನಾನು “ಸ್ಕೂಲ್, ಸುವರ್ಣಾ, ಸ್ಕೂಲ್” ಎಂದು ತಿದ್ದುತ್ತಿದ್ದೆ. ಫೇಲಾದವರಿಗೇ ತಿದ್ದುವ ಚಟ ಹೆಚ್ಚು. ಮಕ್ಕಳು ದೊಡ್ಡವರಾದ ಮೇಲೆ ಆಕೆಗೆ ಪಿ.ಯು.ಸಿ. ಮಾಡಬೇಕೆಂಬ ಆಸೆ ಹುಟ್ಟಿತು. ಮುಧೋಳದ ಬ್ಯಾಂಕಿಗೆ ದಿನಾ ಹೋಗಿಬರುವ ನನ್ನ ಮಗ, ಮನೆಯಲ್ಲಿ ಕೂತೇ ಕಲಿಯುವ ಆನ್‌ಲೈನ್ ದೂರಶಿಕ್ಷಣ ಇದೆ ಎಂದು ಹೆಸರು ಹಚ್ಚಿಸಿದ. “ಉಳಿದದ್ದು ನಾ ಓದಕೊಂತೇನ್ರಿ, ಅರ್ಥಶಾಸ್ತ್ರ ಅಂದ್ರ ಕೈಕಾಲು ತಣ್ಣಗಾಗ್ತಾವ” ಎಂದಳು ಸುವರ್ಣಾ. ಯಜಮಾನರು ಪೇಪರಿನ ಹಿಂದಿನಿಂದಲೇ ತೀರ್ಪು ಕೊಟ್ಟರು: “ಅತ್ತಿ ಅದಾಳಲ್ಲ! ಆಕೀದು ಆಗೈತಿ. ಆಕಿನs ಕಲಸ್ತಾಳ.” ನಾನು ಎದ್ದು ಚಹಕ್ಕಿಟ್ಟೆ.

ಒಂದು ತಿಂಗಳು ಕಲಿಸಿದೆ. ಕಲಿಸಿದೆ ಎಂದರೆ, ಬಾಯಿಪಾಠವಿದ್ದ ಇಂಗ್ಲಿಷ್ ನಿಯಮಗಳನ್ನು ಪ್ರಾರ್ಥನೆಯಂತೆ ಹೇಳಿದೆ. ಆಕೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು. ಪುಸ್ತಕ ಕನ್ನಡದ್ದು, ನನಗೆ ಅದು ಇನ್ನೂ ಕಷ್ಟ. ‘ಇಳಿಮುಖ ಸೀಮಾಂತ ತುಷ್ಟಿಗುಣ’ ಎಂಬುದನ್ನು ಓದಿ ಯಾವುದೋ ಮದ್ದಿನ ಹೆಸರೆಂದುಕೊಂಡೆ. ಒಂದು ದಿನ ಸುವರ್ಣಾ “ಅತ್ಯಾರ, ಬೆಲಿ ಏರಿದ್ರ ಬೇಡಿಕಿ ಯಾಕ ಇಳೀತೈತ್ರಿ?” ಎಂದು ಕೇಳಿದಳು. “ಅದರ್ ಥಿಂಗ್ಸ್ ರಿಮೇನಿಂಗ್ ದ ಸೇಮ್” ಎಂದೆ. “ಹಂಗಂದ್ರ?” ಎಂದಳು. ಎದುರಿಗೆ ಎದ್ದು ನಿಂತ ಹುಡುಗಿ ನಾನೇ ಆಗಿದ್ದೆ, ಬಾಯಿಪಾಠ ಮಾಡು ಎನ್ನುವವಳೂ ನಾನೇ. ಅವತ್ತು ನಿಶ್ಚಯಿಸಿದೆ. ಈ ಒಂದು ಪೇಪರು ಪಾಸಾಗಬೇಕು. ಯಜಮಾನರು ಅಷ್ಟು ವರ್ಷದಿಂದ ಹೇಳುತ್ತ ಬಂದ ಮಾತು, ಅವರಿರುವಾಗ, ನಾನಿರುವಾಗ ಖರೆಯಾಗಬೇಕು. ಒಂದೇ ವಿಷಯಕ್ಕೂ ಹೆಸರು ಹಚ್ಚಬಹುದೆಂದು ತಿಳಿಯಿತು. ಕಾಯಿಪಲ್ಲೆ ತರುವ ನೆಪದಲ್ಲಿ ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋಗಿ, ಗುಟ್ಟಾಗಿ ಹೆಸರು ಹಚ್ಚಿ, ಬದನೆಕಾಯಿ ಮರೆತು ಮನೆಗೆ ಬಂದೆ.

ಗುಟ್ಟು ಮೂರು ವಾರ ಉಳಿಯಿತು. ಭಾನುವಾರ ಮುಂಜಾನೆ ಹತ್ತಕ್ಕೆ ಧಾರವಾಡದ ಒಬ್ಬ ಮೇಡಂ ಆನ್‌ಲೈನ್ ಪಾಠ ಮಾಡುತ್ತಿದ್ದರು. ಸುವರ್ಣಾ ಪಡಸಾಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂಡುವಳು. ನಾನು “ತಲಿ ನೋಯ್ತೈತಿ” ಎಂದು ನನ್ನ ಖೋಲಿಯ ಬಾಗಿಲು ಹಾಕಿಕೊಂಡು, ಮಗ ಭಜನೆ ಕೇಳಲೆಂದು ಕೊಡಿಸಿದ ಟ್ಯಾಬಿನಲ್ಲಿ ಕೂಡುವೆನು. ಮೈಕು ಮುಚ್ಚಿದ್ದರಿಂದ ಎಲ್ಲ ಸುಸೂತ್ರವಾಗಿತ್ತು. ನಾಲ್ಕನೆಯ ವಾರ ಮೇಡಂ, ಹಾಜರಿಯನ್ನು ಬಾಯಿಬಿಟ್ಟೇ ಹೇಳಬೇಕೆಂದರು. ಸುವರ್ಣಾ ಮೈಕು ತೆರೆದಳು, ನಾನೂ ತೆರೆದೆ. ಮೇಡಂ ಧ್ವನಿ ಪಡಸಾಲೆಯಿಂದ ಖೋಲಿಗೆ, ಖೋಲಿಯಿಂದ ಪಡಸಾಲೆಗೆ ಓಡಾಡಿ, ಕೊನೆಗೆ ಕಾರ್ಖಾನೆಯ ಭೋಂಗಾ ಹೊಡೆದ ಹಾಗೆ ಕೂಗತೊಡಗಿತು. ಅಂಗಳದಲ್ಲಿ ತೂಕಡಿಸುತ್ತಿದ್ದ ಯಜಮಾನರು ದಡಬಡಿಸಿ ಎದ್ದು, “ಏನs, ಶಿಫ್ಟ್ ಬಿಟ್ಟಿತೇನು?” ಎಂದರು. ಮೇಡಂ ಶಾಂತವಾಗಿ, “ಜಮಖಂಡಿಯವರು ಇಬ್ಬರೂ ಒಂದೇ ಮನೆಯಲ್ಲಿದ್ದೀರಿ ಅಂತ ಕಾಣುತ್ತೆ. ಒಬ್ಬರು ಮೈಕ್ ಬಂದ್ ಮಾಡಿ” ಎಂದರು.

ಸುವರ್ಣಾ ಬಾಗಿಲು ತೆರೆದು ನಿಂತಳು. ಟ್ಯಾಬಿನ ಮೇಲೆ ದಿಂಬು ಇಟ್ಟೆ. ದಿಂಬಿನ ಕೆಳಗಿನಿಂದ ಮೇಡಂ ಪಾಠ ಮುಂದುವರಿಸಿದರು.

“ಅತ್ಯಾರ, ನಿಮ್ಮದು ಪಿ.ಯು.ಸಿ. ಆಗೈತಲ್ರಿ?”

“ಆಗೈತಿ.”

“ಮತ್ತ?”

“ಆಗಿದ್ದು ಖರೆ. ಪಾಸ್ ಆಗಿಲ್ಲ.”

ಸುವರ್ಣಾ ಸೆರಗನ್ನು ಬಾಯಿಗೆ ತುರುಕಿಕೊಂಡು ಮಂಚದ ಮೇಲೆ ಕೂತುಬಿಟ್ಟಳು, ನಗು ತಡೆಯಲಾಗದೆ ಮಂಚವೇ ಅಲುಗಾಡುತ್ತಿತ್ತು. ಕಣ್ಣೊರೆಸಿಕೊಂಡು, “ಯಾರ ಮುಂದೂ ಹೇಳಂಗಿಲ್ರಿ. ಆದ್ರ ಒಂದು ಮಾತು” ಎಂದಳು. “ಏನು?” “ಇನ್ನ ಮ್ಯಾಲ ನಾ ಇಸ್ಕೂಲ್ ಅಂದ್ರ ಸುಮ್ಮನಿರಬೇಕ್ರಿ.” ಐ ಅಗ್ರೀಡ್. ಬೇರೆ ಗತಿ ಇರಲಿಲ್ಲ.

ಅಂದಿನಿಂದ ಆಕೆ ಕಲಿಸುವವಳು, ನಾನು ಕಲಿಯುವವಳು. ಮೊದಲ ದಿನವೇ ಚೌಕಳಿ ಕಾಗದದ ಮೇಲೆ ಎರಡು ಗೆರೆ ಎಳೆದಳು. ರಬಕವಿಯ ತವರಿನಲ್ಲಿ ಸೀರೆಯ ದಡಿಗೆ ಇಂಥದೇ ಕಾಗದದ ಮೇಲೆ ನಕ್ಷೆ ತೆಗೆದ ಕೈ ಅದು. “ನೋಡ್ರಿ ಅತ್ಯಾರ, ನೀವು ಮಗ್ಗದ ಮುಂದ ಕುಂತೀರಿ ಅಂತ ತಿಳ್ಕೋರಿ. ಉದ್ದಕ ಹೋಗೂದು ಹಾಸು, ಅದರ ಮ್ಯಾಲ ಬೆಲಿ. ಅಡ್ಡ ಹೋಗೂದು ಹೊಕ್ಕು, ಅದರ ಮ್ಯಾಲ ಪ್ರಮಾಣ. ಸೀರಿ ಬೆಲಿ ಇಷ್ಟ ಮ್ಯಾಲಿದ್ರ ಎಷ್ಟ ಮಂದಿ ತಗೋತಾರ? ಇಬ್ಬರು. ಕೆಳಗ ತಂದ್ರಿ? ಓಣಿಗೆ ಓಣಿನs ಬರ್ತೈತಿ. ಈಗ ಎಳೀರಿ ಗೆರಿ.” ಎಳೆದೆ. ಗೆರೆ ತಾನಾಗಿಯೇ ಕೆಳಗಿಳಿಯಿತು. ಬೆಳಗಾವಿಯಲ್ಲಿ ಒಂದು ವರ್ಷ ಅರ್ಥವಾಗದ್ದು ಜಮಖಂಡಿಯ ಅಡುಗೆಮನೆಯಲ್ಲಿ, ಹಾಲು ಉಕ್ಕುವುದರೊಳಗೆ ಅರ್ಥವಾಯಿತು. ಹಾಲು ಉಕ್ಕಿತು, ಅದು ಬೇರೆ ಮಾತು.

ಅದರ್ ಥಿಂಗ್ಸ್ ಎಂದರೇನು ಎಂಬುದೂ ಆಗಲೇ ತಿಳಿಯಿತು. ಬೆಲೆಯ ನಿಯಮ ನಿಲ್ಲಬೇಕಾದರೆ ಉಳಿದದ್ದೆಲ್ಲ ಇದ್ದ ಹಾಗೇ ಇರಬೇಕಂತೆ. ನಮ್ಮ ಮನೆಯಲ್ಲಿ ಒಂದು ಪ್ಯಾರಾ ಓದಿ ಮುಗಿಯುವವರೆಗೆ ಯಾವುದೂ ಇದ್ದ ಹಾಗೆ ಇದ್ದದ್ದಿಲ್ಲ. ಕರೆಂಟು ಹೋಗುವುದು, ಕಿಟಕಿಗೆ ಕಟ್ಟಿದ ಇಂಟರ್ನೆಟ್ ಡಾಂಗಲ್ ಮೇಲೆ ಗುಬ್ಬಿ ಕೂಡುವುದು, ಯಜಮಾನರಿಗೆ ಅಡಿಕೆ ಡಬ್ಬಿ ಸಿಗದಿರುವುದು. ‘ಪರಿಪೂರ್ಣ ಪೈಪೋಟಿ’ಯ ಪಾಠದಲ್ಲಂತೂ ನನಗೂ ಸುವರ್ಣಾಗೂ ಜಗಳವೇ ಆಯಿತು. ‘ಕೊಳ್ಳುವವರಿಗೂ ಮಾರುವವರಿಗೂ ಮಾರುಕಟ್ಟೆಯ ಪೂರ್ಣ ಜ್ಞಾನವಿರುತ್ತದೆ’ ಎಂದು ಪುಸ್ತಕ ಹೇಳುತ್ತದೆ. “ಇಂಥಾ ಬಜಾರ ಎಲ್ಲೈತಿ? ಮಾರಾವ ಒಂದು ಮುಚ್ಚಿಡ್ತಾನ, ಕೊಳ್ಳಾವ ಕಣ್ಣು ಮುಚ್ಚಿಕೊಂಡು ಒಯ್ತಾನ” ಎಂದೆ. “ಪುಸ್ತಕದಾಗ ಇದ್ದಂಗ ಬರೀರಿ, ಅತ್ಯಾರ. ವಾದ ಮಾಡಿದ್ರ ಮತ್ತ ಮೊದಲಿನಂಗ ಆಕ್ಕೈತಿ” ಎಂದಳು ಸೊಸೆ. ಈ ‘ಆಕ್ಕೈತಿ’ ಎಂಬುದರ ಅರ್ಥ ಮಾತ್ರ ಸ್ವಚ್ಛವಾಗಿತ್ತು.

ಪರೀಕ್ಷೆ ಬಾಗಲಕೋಟೆಯಲ್ಲಿ. ಸುವರ್ಣಾಗೆ ಜೊತೆಯಾಗಿ ಹೋಗುತ್ತೇನೆಂದು ಮನೆಯಲ್ಲಿ ಹೇಳಿದೆ. ಅದೂ ಸುಳ್ಳಲ್ಲ. ಅನಗವಾಡಿ ಸೇತುವೆಯ ಮೇಲೆ ಬಸ್ಸು ಸಾಗುವಾಗ ಎರಡೂ ಕಡೆ ಅಣೆಕಟ್ಟಿನ ಹಿನ್ನೀರು ಬೆಳ್ಳಗೆ ಹೊಳೆಯುತ್ತಿತ್ತು. ಬೀಳಗಿ ತಾಲೂಕಿನ ಗುರಪ್ಪಮಾವನ ಹಳ್ಳಿ ಇಂಥ ನೀರಿನ ಕೆಳಗೇ ಇದೆ. ಮನೆ, ಕಟ್ಟೆ, ನಾನು ಜೋಕಾಲಿ ಆಡಿದ ಬೇವಿನ ಗಿಡ ಎಲ್ಲವೂ. ಊರಿಗೆ ಊರೇ ಎದ್ದು ದಿಣ್ಣೆಯ ಮೇಲೆ ಹೋಗಿ ಕೂತ ಜಿಲ್ಲೆಯಲ್ಲಿ ಅದರ್ ಥಿಂಗ್ಸ್ ಸೇಮ್ ಉಳಿಯಬೇಕೆಂದು ಯಾವ ಪುಣ್ಯಾತ್ಮ ಬರೆದನೋ! “ಮಾವ, ನೀ ಅಂದ ಮಾತು ಇವತ್ತ ಪೂರ್ತಿ ಮಾಡಾಕ ಹೊಂಟೇನಿ” ಎಂದು ನೀರಿನ ಕಡೆ ನೋಡಿ ಮನಸ್ಸಿನಲ್ಲೇ ಹೇಳಿಕೊಂಡೆ.

ಪರೀಕ್ಷಾ ಕೋಣೆಯ ಬಾಗಿಲಲ್ಲಿ ನಿಂತ ಮೇಲ್ವಿಚಾರಕರು ನನ್ನನ್ನು ತಡೆದರು. “ಅಜ್ಜೀ, ನೀವು ಹೊರಗ ನೆರಳಾಗ ಕುಂದರ್ರಿ. ನಿಮ್ಮ ಮಗಳು ಬರದು ಬರ್ತಾಳ.” “ಸರ್, ನಾನs ಬರಿಯಾಕಿ” ಎಂದು ಹಾಲ್ ಟಿಕೆಟ್ ತೋರಿಸಿದೆ. ಅವರು ಫೋಟೋ ನೋಡಿ, ನನ್ನನ್ನು ನೋಡಿ, ತಾವೇ ಬೆಂಚು ಒರೆಸಿಕೊಟ್ಟರು. ಚಿತ್ರ ಬರೆದೆ, ಗೆರೆ ಇಳಿಸಿದೆ. ಎರಡೂ ಅಕ್ಷಗಳ ಹೆಸರನ್ನು ದುಂಡಗೆ ಬರೆದು ಮುಂದಿನ ಪ್ರಶ್ನೆಗೆ ಹೋದೆ. ಕೊನೆಯ ಗಂಟೆ ಹೊಡೆಯುವಾಗ ನೋಡುತ್ತೇನೆ: ಒಂದರ ಮೇಲೆ ‘ಹಾಸು’, ಇನ್ನೊಂದರ ಮೇಲೆ ‘ಹೊಕ್ಕು’! ಹೊಡೆದುಹಾಕಿ ‘ಬೆಲೆ’ ಎಂದು ಬರೆಯುವಷ್ಟರಲ್ಲಿ ಪೇಪರು ಕಸಿದರು. ಹೊಕ್ಕು ಹಾಗೇ ಉಳಿಯಿತು.

ಪಾಸಾದೆ. ಸುವರ್ಣಾಗೆ ನನಗಿಂತ ಎಷ್ಟೋ ಹೆಚ್ಚು ಮಾರ್ಕು. ನನಗೆ ಬೇಕಾದಷ್ಟೇ, ಒಂದೂ ಹೆಚ್ಚಿಲ್ಲ. ತಿದ್ದಿದವರು ನೇಕಾರರ ಪೈಕಿ ಇರಬೇಕು. ಮನೆಯಲ್ಲಿ ಪೇಢೆ ಹಂಚಿದರು, ಸುವರ್ಣಾಳ ಹೆಸರಿನಲ್ಲಿ. ಯಜಮಾನರು ಆಕೆಗೆ, “ಅತ್ತಿ ಕಲಿಸಿದ್ದಕ್ಕ ಪಾಸಾದಿ ನೋಡವಾ” ಎಂದರು. ಆಕೆ ನನ್ನ ಕಡೆ ನೋಡಿ, ಪೇಢೆಯನ್ನು ನುಂಗಿ, “ಹೌದ್ರಿ ಮಾಮಾರ” ಎಂದಳು. ಆಗ ನನಗೆ ನನ್ನ ಸಂಕಟ ಪೂರ್ತಿ ಅರ್ಥವಾಯಿತು. ಇಷ್ಟು ಕಷ್ಟಪಟ್ಟು ಪಾಸಾಗಿದ್ದೇನೆ, ಆದರೆ ಯಾರಿಗೂ ಹೇಳುವಂತಿಲ್ಲ! ಊರಿನವರ ಲೆಕ್ಕದಲ್ಲಿ ನಾನು ಎಂದೋ ಪಾಸಾದವಳು. ಮಾರ್ಕ್ಸ್ ಕಾರ್ಡಿನ ಲಕೋಟೆಯನ್ನು ಪೋಸ್ಟಿನವನು ಯಜಮಾನರ ಕೈಗೇ ಕೊಟ್ಟಿದ್ದ. “ನಿನ್ನ ಹೆಸರಿಲೆ ಬಂದೈತಿ” ಎಂದು ಒಡೆಯದೆ ಕೊಟ್ಟರು. “ಸುವರ್ಣಾನ ಪುಸ್ತಕದ್ದು” ಎಂದು ರೇಷ್ಮೆ ಸೀರೆಗಳ ಕೆಳಗೆ ಸೇರಿಸಿದೆ. ದಿನಕ್ಕೊಮ್ಮೆ ತೆಗೆದು ನೋಡಿ ಮತ್ತೆ ಇಡುತ್ತಿದ್ದೆ.

ಮೊನ್ನೆ ಮಹಾಲಿಂಗಪುರದಿಂದ ಯಜಮಾನರ ಹಳೆಯ ಗೆಳೆಯರೊಬ್ಬರು ಒಂದು ಬೆಲ್ಲದ ಪೆಂಟಿ ಹಿಡಿದುಕೊಂಡು ಬಂದರು. ಕೂತರು. ಯಜಮಾನರು ಶುರುಮಾಡಿದರು: “ನಮ್ಮ ಮನಿಯಾಕಿ ಕಾನ್ವೆಂಟಿನ್ಯಾಕಿ. ಪಿ.ಯು.ಸಿ. ಆಗೈತಿ.” ನಾನು ಕೂತಲ್ಲೇ ಕೂತೆ. ಬೆನ್ನು ನೆಟ್ಟಗೆ ಮಾಡಿ, ಸಿಸ್ಟರ್ ಫಿಲೋಮಿನಾ ಕಲಿಸಿದಂತೆ ಮಂಡಿಯ ಮೇಲೆ ಕೈಯಿಟ್ಟು, ಮುಗುಳ್ನಕ್ಕು ಕೂತೆ. ಯಜಮಾನರು ನನ್ನನ್ನೊಮ್ಮೆ, ಅಡುಗೆಮನೆಯನ್ನೊಮ್ಮೆ ನೋಡಿದರು. ಕೇಳಿಸಲಿಲ್ಲವೇನೋ ಎಂದು ಇನ್ನೂ ಗಟ್ಟಿಯಾಗಿ, “ಪಿ.ಯು.ಸಿ. ಆಗೈತಿ!” ಎಂದರು. ನಾನು ಅಲ್ಲಾಡಲಿಲ್ಲ. ಆಗ ಅವರು ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು:

“ಯಾಕ, ಪಾಸಾದ ಮ್ಯಾಲ ಚಾ ಬಂದ್ ಆತೇನು?”

ಎದ್ದು ಅಡುಗೆಮನೆಗೆ ಹೋದೆ. ಅವರೂ ಹಿಂದೆಯೇ ಬಂದರು, ಅಡಿಕೆ ಡಬ್ಬಿ ಹುಡುಕುವ ನೆಪದಲ್ಲಿ. “ಯಾವಾಗ ಗೊತ್ತಾತ್ರಿ ನಿಮಗ?” ಎಂದೆ.

“ಏನು, ಪಾಸಾಗಿದ್ದೋ ಫೇಲಾಗಿದ್ದೋ? ಪಾಸಾಗಿದ್ದು, ನೀ ದಿನಾ ರೇಷ್ಮಿ ಸೀರಿಗಳ ಕೆಳಗ ಕೈ ಹಾಕಿ ನಗೂದು ನೋಡಿ ಗೊತ್ತಾತು. ಫೇಲಾಗಿದ್ದು, ಕನ್ಯಾ ನೋಡಾಕ ಬಂದ ದಿನಾನs. ನಿಮ್ಮ ಮಾವ ಆಗೈತಿ ಅಂದ, ನೀ ಟ್ರೇ ಹಿಡಕೊಂಡು ಹೊಳ್ಳಿ ಒಳಗ ಹೋದಿ. ಪಾಸಾದಾಕಿ ಯಾಕ ಹೊಳ್ಳಿ ಹೊಕ್ಕಾಳ?”

“ಮತ್ತ ಹೂಂ ಯಾಕ ಅಂದ್ರಿ?”

ಅವರು ಡಬ್ಬಿಯ ಮುಚ್ಚಳ ತೆಗೆಯುತ್ತ ಹೇಳಿದರು: “ಚಾ ಛಲೋ ಆಗಿತ್ತು.”

ನೀರು ಕುದಿಯುತ್ತಿತ್ತು. ಸಕ್ಕರೆ ಒಂದು ಸಲ ಹಾಕಿದೆ, ಅವರ ಕಪ್ಪಿಗೆ ಇನ್ನೊಂದು ಸಲ. ಆಗ ನೆನಪಾಯಿತು. ಪರೀಕ್ಷೆಯಲ್ಲಿ ಪರಿಪೂರ್ಣ ಪೈಪೋಟಿಯ ಪ್ರಶ್ನೆ ಬಂದಾಗ ಸುವರ್ಣಾಳ ಮಾತು ಮೀರಿ, ‘ಕೊಳ್ಳುವವರಿಗೆ ಪೂರ್ಣ ಜ್ಞಾನವಿರುವ ಮಾರುಕಟ್ಟೆ ಲೋಕದಲ್ಲಿ ಎಲ್ಲಿಯೂ ಇಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಡಿಗೆರೆ ಎಳೆದು ಬಂದಿದ್ದೆ. ಅಲ್ಲಿ ನನ್ನ ಮಾರ್ಕು ಹೋಗಿರಬೇಕು. ಹೋದದ್ದು ನ್ಯಾಯವೇ.