ಮಾವನ ಮನೆಯ ಗುಂಡುಕಲ್ಲು

ನನ್ನ ಹೆಂಡತಿ ಸುಮಂಗಲಾ ಒಂದು ಕೈಯಲ್ಲಿ ಮೊಬೈಲ್ ಹಿಡಿದು ತವರಿನವರೊಡನೆ ಮಾತಾಡುತ್ತಲೇ ಇನ್ನೊಂದು ಕೈಯಲ್ಲಿ ತುಂಬಿದ ಗ್ಯಾಸ್ ಸಿಲಿಂಡರನ್ನು ಅಡುಗೆಮನೆಗೆ ಒಯ್ಯುತ್ತಾಳೆ. ಮದುವೆಯಾದ ಹೊಸತರಲ್ಲಿ ಇದನ್ನು ಬಾಯಿ ತೆರೆದು ನೋಡಿದವನು ನಾನು. ಆ ಬಾಯಿ ಇನ್ನೂ ಪೂರ್ತಿ ಮುಚ್ಚಿಲ್ಲ. ರಾಯಚೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅವಳು ವಾರ್ಡನ್. ಸಂಜೆ ಅಲ್ಲಿನ ಹುಡುಗಿಯರಿಗೆ ಕರಾಟೆ ಕಲಿಸುತ್ತಾಳೆ. ಅವಳ ಸೊಂಟಕ್ಕೆ ಕಪ್ಪು ಬೆಲ್ಟು. ನಾನು ಕಚೇರಿ ಗುಮಾಸ್ತ, ನನ್ನದು ಚರ್ಮದ ಬೆಲ್ಟು (ಅದಕ್ಕೂ ಮೊನ್ನೆ ಹೊಸ ತೂತು ಹೊಡೆಸಬೇಕಾಯಿತು).

ಇಂಥ ಹೆಂಡತಿಯ ಗಂಡನಾಗಿ ನಾನು ಹಾಯಾಗಿಯೇ ಇದ್ದೆ. ನನ್ನ ಮಾನ ಕಳೆಯುತ್ತಿದ್ದದ್ದು ಹೆಂಡತಿಯಲ್ಲ, ಅರಕೇರಾದಲ್ಲಿ ನನ್ನ ಮಾವ ಅಯ್ಯಣ್ಣನವರ ಅಂಗಳದಲ್ಲಿ ಬಿದ್ದಿರುವ ಒಂದು ಗುಂಡುಕಲ್ಲು.

ಕಾರಹುಣ್ಣಿಮೆಯ ದಿನ ಆ ಮನೆಯಲ್ಲಿ ಎತ್ತುಗಳಿಗೆ ಬಣ್ಣ ಹಚ್ಚಿದ ಮೇಲೆ ಅಳಿಯಂದಿರ ಸರದಿ. ನಮಗೆ ಬಣ್ಣ ಹಚ್ಚುವುದಿಲ್ಲ, ಕಲ್ಲು ಎತ್ತಿಸುತ್ತಾರೆ. ನೆಲದಿಂದ ಎದೆಗೆ, ಎದೆಯಿಂದ ಹೆಗಲಿಗೆ, ಹೆಗಲಿನಿಂದ ಬೆನ್ನ ಹಿಂದಕ್ಕೆ. ಕಲ್ಲು ಬೆನ್ನ ಹಿಂದೆ ಬಿದ್ದರೆ ಮಾತ್ರ ಲೆಕ್ಕ. ಎತ್ತಿದ ಅಳಿಯನ ತಲೆಗೆ ಮಾವ ತಾವೇ ರುಮಾಲು ಸುತ್ತಿ ಮೊದಲ ಪಂಕ್ತಿಯಲ್ಲಿ ಕೂರಿಸುತ್ತಾರೆ. ಎತ್ತಲಾರದವನು ಟವೆಲ್ ಕಟ್ಟಿಕೊಂಡು ಹೋಳಿಗೆ ಬಡಿಸಬೇಕು. ಮದುವೆಯಾದಾಗಿನಿಂದ ನಾನು ಬಡಿಸುತ್ತಲೇ ಬಂದಿದ್ದೇನೆ. ಮಲ್ಲಟದ ನನ್ನ ಷಡ್ಡಕ ಶೇಖರ ಪ್ರತಿ ಸಲ ಎತ್ತಿ, ರುಮಾಲು ಸುತ್ತಿಸಿಕೊಂಡು, ನಾನು ಮುಂದೆ ದಾಟಿದ ಮೇಲೇ ನೆನಪಾದವನಂತೆ ತುಪ್ಪ ಕೇಳುತ್ತಾನೆ.

ಅದನ್ನೂ ಸಹಿಸಿದ್ದೆ. ಸಹಿಸಲಾಗದ್ದು ಮಾವನ ಒಳ್ಳೆಯತನ. ಅವರು ಪ್ರತಿ ವರ್ಷ ಎರಡು ರುಮಾಲು ತರುತ್ತಾರೆ. ಒಂದು ಶೇಖರನ ತಲೆಗೆ ಹೋಗುತ್ತದೆ, ನನ್ನದು ಮಡಿಕೆ ಬಿಚ್ಚದೆ ಟ್ರಂಕಿಗೆ ಹೋಗುತ್ತದೆ. ಈ ಸಲ ಹಬ್ಬಕ್ಕೆ ಎರಡು ತಿಂಗಳಿರುವಾಗಲೇ ಕರೆಯಲು ಫೋನ್ ಮಾಡಿದಾಗ ಅವರು ಬಹಳ ಮೆತ್ತಗೆ ಹೇಳಿದರು: "ಅಳಿಯಾರ, ಟ್ರಂಕಿನ್ಯಾಗ ಜಾಗ ಇಲ್ರೀ."

ಅಂದೇ ಭೀಷ್ಮಪ್ರತಿಜ್ಞೆ ಮಾಡಿ ಸ್ಟೇಷನ್ ರಸ್ತೆಯ ಜಿಮ್ಮಿಗೆ ಸೇರಿದೆ. ಅಲ್ಲಿ ಕಲಿಸುವ ಪರ್ವೇಜ್ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಭಾರ ಎತ್ತಿ, ಮೊಟ್ಟೆ ತಿನ್ನಿ, ಬೇರೇನೂ ಮಾಡಬೇಡಿ ಎಂದ. ಮನೆಗೆ ಬಂದರೆ ಸುಮಂಗಲಾಳ ಶಾಸ್ತ್ರವೇ ಬೇರೆ. ಬರೀ ತೋಳು ಉಬ್ಬಿಸಿದರೆ ಆಗದು, ನಿಲ್ಲುವುದು ಗೊತ್ತಿಲ್ಲದವನು ಕಲ್ಲೆತ್ತಿದರೆ ನಡು ಮುರಿಯುತ್ತದೆ, ಮೊದಲು ಕರಾಟೆಯಲ್ಲಿ ನಿಲ್ಲುವುದು, ಉಸಿರು ಬಿಡುವುದು ಕಲಿಯಬೇಕು ಎಂದಳು. ನಾನು ಇಬ್ಬರು ಗುರುಗಳಿಗೂ ಹೂಂ ಎಂದೆ. ಬೆಳಿಗ್ಗೆ ಭಾರ, ಸಂಜೆ ಕರಾಟೆ.

ಎರಡು ದೋಣಿಯಲ್ಲಿ ಕಾಲಿಟ್ಟವನ ಕಥೆ ಕೇಳಿದ್ದೆ, ಆದರೆ ಆ ಕಾಲುಗಳು ಇಷ್ಟು ನೋಯುತ್ತವೆಂದು ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಎತ್ತಿದ ಭಾರದಿಂದ ಸಂಜೆ ಒದೆಯಲು ಹೋದರೆ ಕಾಲು ಮೊಣಕಾಲಿನ ಮಟ್ಟಕ್ಕೂ ಏಳುತ್ತಿರಲಿಲ್ಲ. ಸಂಜೆ ಒದ್ದ ಒದೆತದಿಂದ ಬೆಳಿಗ್ಗೆ ಕುಕ್ಕರಗಾಲಿನಲ್ಲಿ ಕೂರಲಾಗುತ್ತಿರಲಿಲ್ಲ (ಎಲ್ಲಿ ಕೂರಲಾಗುತ್ತಿರಲಿಲ್ಲ ಎಂದು ಕೇಳಬೇಡಿ). ಕಚೇರಿಯಲ್ಲಿ ಸಾಹೇಬರು ಬಂದರೆ ಎದ್ದು ನಿಲ್ಲುವಷ್ಟರಲ್ಲಿ ಅವರು ಹೊರಟೇ ಹೋಗಿರುತ್ತಿದ್ದರು. ಕೊನೆಗೆ ಸುಮಂಗಲಾಳೇ ಕನಿಕರಪಟ್ಟು ಏರ್ಪಾಡು ಮಾಡಿದಳು. ಒಂದು ದಿನ ಭಾರ, ಮರುದಿನ ಕರಾಟೆ, ನಡುನಡುವೆ ಸುಮ್ಮನೆ ಬಿದ್ದುಕೊಳ್ಳುವುದು. ತಿಂಗಳೊಪ್ಪತ್ತಿನಲ್ಲಿ ನನ್ನ ಮೈ ನನಗೇ ಅಚ್ಚರಿ ಹುಟ್ಟಿಸಿತು. ಸಿಲಿಂಡರನ್ನು ನಾನೂ ಎತ್ತಿದೆ. ಎರಡು ಕೈಯಲ್ಲಿ, ಖಾಲಿಯಾದದ್ದನ್ನು. ಆದರೂ ಎತ್ತಿದೆ.

ಆದರೆ ಅವಳ ಕ್ಲಾಸಿನ ಶಿಸ್ತಿನ ಬಗ್ಗೆ ಹೇಳಲೇಬೇಕು. ಹಾಸ್ಟೆಲಿನ ಹುಡುಗಿಯರ ಸಾಲಿನ ಕೊನೆಯಲ್ಲಿ ಬಿಳಿ ಬೆಲ್ಟು ಕಟ್ಟಿಕೊಂಡು ನಾನು ನಿಲ್ಲುತ್ತಿದ್ದೆ. ಒಳಗೆ ಬಂದರೆ ಸೊಂಟ ಬಗ್ಗಿಸಿ "ಓಸ್" ಎಂದು ನಮಸ್ಕರಿಸಬೇಕು. ಗುರು ತಪ್ಪು ತಿದ್ದಿದರೆ ಓಸ್, ಮೆಚ್ಚಿದರೆ ಓಸ್. "ಯಾಮೆ" ಎಂದರೆ ನಿಲ್ಲಿಸು ಎಂದರ್ಥ. ಆ ಮಾತು ಕಿವಿಗೆ ಬಿದ್ದಾಗ ಕೈ ಎಲ್ಲಿದೆಯೋ ಅಲ್ಲೇ ನಿಲ್ಲಬೇಕು. ಮರೆತವರು ಬಸ್ಕಿ ಹೊಡೆಯಬೇಕು. ನಾನು ಎಷ್ಟು ಬಸ್ಕಿ ಹೊಡೆದೆನೆಂದರೆ, ಕೊನೆಕೊನೆಗೆ ನಿದ್ದೆಯಲ್ಲಿ ಯಾರಾದರೂ ಹೊಗಳಿದರೂ ಮಂಚದಲ್ಲೇ ಬಗ್ಗುತ್ತಿದ್ದೆ.

ಹುಣ್ಣಿಮೆ ಬಂತು. ಅರಕೇರಾದ ಅಂಗಳದಲ್ಲಿ ಓಣಿಯೇ ನೆರೆದಿತ್ತು. ಮಾವನ ಪುಂಡ ಎತ್ತು, ಬಣ್ಣ ಬಳಿದ ಕೋಡು ಆಡಿಸುತ್ತ, ನಿಲ್ಲೆಂದರೆ ನಡೆಯುತ್ತ, ನಡೆಯೆಂದರೆ ಮಲಗುತ್ತ ಅತ್ತೆ ಅಮರಮ್ಮನವರ ಜೀವ ತಿನ್ನುತ್ತಿತ್ತು. ಮಾವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಕಟ್ಟೆಯ ಮೇಲೆ ಎರಡು ರುಮಾಲು. ಶೇಖರ ಎಂದಿನಂತೆ ಎತ್ತಿ, ಒಗೆದು, ಮೀಸೆ ತಿರುವಿದ.

ನಾನು ಹೋಗಿ ಮಾವನ ಕುರ್ಚಿಯ ಎದುರಿಗೇ ಕಲ್ಲಿನ ಮುಂದೆ ನಿಂತೆ. ಸುಮಂಗಲಾ ಹೇಳಿಕೊಟ್ಟಂತೆ ಕಾಲು ಅಗಲಿಸಿದೆ, ಉಸಿರು ಹೊಟ್ಟೆಗಿಳಿಸಿದೆ. ಕಲ್ಲು ಮಿಸುಕಿತು. ಮೊಣಕಾಲಿಗೆ ಬಂತು. ಎದೆಗೆ ಬಂತು. ಹೊಟ್ಟೆಯಾಳದಿಂದ ಒಂದು ಕೂಗು ಹಾಕಿದೆ, ಹೆಗಲಿಗೆ ಬಂತು! ಅಂಗಳ ಉಸಿರು ಹಿಡಿಯಿತು. ಶೇಖರನ ಮೀಸೆ ಇಳಿದದ್ದನ್ನು ಓರೆಗಣ್ಣಿನಲ್ಲಿ ಕಂಡೆ. ನಿಜ ಹೇಳುತ್ತೇನೆ, ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ. ಇನ್ನು ಹೆಗಲು ಸಡಿಲಿಸಿ ಹಿಂದಕ್ಕೆ ಬಿಡುವುದಷ್ಟೇ ಬಾಕಿ.

ಮಾವನಿಗೆ ತಡೆಯಲಾಗಲಿಲ್ಲ. ಕುರ್ಚಿಯಿಂದೆದ್ದು ಕಟ್ಟೆಯ ಕಡೆ ಧಾವಿಸಿ, ರುಮಾಲು ಕೈಗೆತ್ತಿಕೊಂಡು ಅಂದರು: "ಭಲೇ ಅಳಿಯಾರ, ಮನಿ ಮರ್ಯಾದಿ ಉಳಿಸಿದ್ರಿ."

ಹಿರಿಯರು ಮೆಚ್ಚಿದ್ದರು. ನಾನು ಸೊಂಟ ಬಗ್ಗಿಸಿ "ಓಸ್" ಎಂದೆ.

ಕಲ್ಲು ನನ್ನ ಹೆಗಲಿನಿಂದ ಮುಂದಕ್ಕೆ ಜಾರಿ, ಮಾವ ಆಗಷ್ಟೇ ಬಿಟ್ಟೆದ್ದ ಕುರ್ಚಿಯ ಮೇಲೆ ಆಸೀನವಾಯಿತು. ಕುರ್ಚಿ ನೆಲಸಮ.

ಶೇಖರ ನಕ್ಕ ನಗುವಿಗೆ ಎತ್ತುಗಳು ಬೆದರಿದವು. ಅಮರಮ್ಮನವರು ಕುರ್ಚಿಯ ಚೂರುಗಳ ಮೇಲೆ ಕೂತ ಕಲ್ಲನ್ನು ನೋಡಿ, ಹಬ್ಬದ ದಿನ ಅಂಗಳದ ನಡುವೆ ಇದೇನು ಅಡ್ಡ, ತೆಗೆಯಿರಿ ಎಂದು ಗೊಣಗಿದರು. ಶೇಖರ ನಗುತ್ತಲೇ ಬಗ್ಗಿದ, ನಗುವವನ ಕೈಯಲ್ಲಿ ಕಲ್ಲು ಏಳುತ್ತದೆಯೇ?

ಆಗ ಸುಮಂಗಲಾ ಹೋಳಿಗೆ ತಟ್ಟುತ್ತಿದ್ದ ಕೈಯನ್ನು ಒರೆಸಿಕೊಳ್ಳುತ್ತ ಹೊರಬಂದಳು. ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕೂಗಲಿಲ್ಲ, ತಿಣುಕಲಿಲ್ಲ. ಕಲ್ಲು ಎದೆಗೆ ಬಂದದ್ದು ಕಂಡೆ, ಹೆಗಲಿಗೆ ಬಂದದ್ದು ಕಂಡೆ. ಬೆನ್ನ ಹಿಂದೆ ನೆಲ ಗುದ್ದಿದ ಸದ್ದು ನನ್ನ ಅಂಗಾಲಿಗೆ ತಿಳಿಯಿತು. ಅವಳು ಸೆರಗು ಬಿಚ್ಚಿ, ಒಲೆಯ ಮೇಲಿನ ಹೋಳಿಗೆ ಸೀದೀತೆಂದು ಒಳಗೆ ಹೋಗಲು ತಿರುಗಿದಳು. ನನ್ನ ರೋಮ ನಿಮಿರಿ ನಿಂತಿತ್ತು. ಸೋತ ದುಃಖ ಎಲ್ಲಿ ಹೋಯಿತೋ, ಇವಳ ಗಂಡ ನಾನು ಎಂದು ಓಣಿಗೆಲ್ಲ ಸಾರಬೇಕೆನಿಸಿತು.

"ನಿಲ್ಲವ್ವಾ" ಎಂದರು ಮಾವ. ಮಗಳ ತಲೆಗೆ ಆ ರುಮಾಲನ್ನು ಅವರೇ ಸುತ್ತಿದರು. ಅವಳು ನನ್ನ ಕಡೆ ನೋಡಿ ತಗ್ಗಿದ ದನಿಯಲ್ಲಿ ಅಂದಳು: "ಎತ್ತೂದೂ ಬರೋಬ್ಬರಿ ಇತ್ತು, ನಮಸ್ಕಾರಾನೂ ಬರೋಬ್ಬರಿ ಇತ್ತು. ಎರಡೂ ಒಮ್ಮೆಲೇ ಮಾಡಬಾರದ್ರಿ."

ನಾನು ಟವೆಲ್ ಕಟ್ಟಿಕೊಂಡೆ. ಮೊದಲ ಪಂಕ್ತಿಯಲ್ಲಿ ಷಡ್ಡಕನ ಪಕ್ಕ ನನ್ನ ಹೆಂಡತಿ, ಇಬ್ಬರ ತಲೆಗೂ ರುಮಾಲು. ಭಕ್ತಿಯಿಂದ ಬಡಿಸಿದೆ. ಎಲ್ಲರದೂ ಮುಗಿದ ಮೇಲೆ, ಹಸಿದು ಕಂಗಾಲಾಗಿ, ತಟ್ಟೆಯ ಮುಂದೆ ಕೂತು, ತುಪ್ಪದಲ್ಲಿ ಅದ್ದಿದ ಹೋಳಿಗೆಯ ತುತ್ತನ್ನು ಬಾಯಿಯ ಹತ್ತಿರ ತಂದಿದ್ದೆ.

"ಯಾಮೆ" ಎಂದಳು ಸುಮಂಗಲಾ ಕಟ್ಟೆಯಿಂದ.

ಕೈ ಗಾಳಿಯಲ್ಲೇ ನಿಂತಿತು. ಮೊಣಕೈಗುಂಟ ತುಪ್ಪ ಇಳಿಯತೊಡಗಿತು.

"ಕಲ್ಲು ಮುಟ್ಟಿದ ಕೈ ತೊಳದೀರೇನು?"

ನಾನು ತುತ್ತನ್ನು ತಟ್ಟೆಗಿಟ್ಟು, ಸೊಂಟ ಬಗ್ಗಿಸಿ, ಓಸ್ ಎಂದು ಬಚ್ಚಲಿಗೆ ಹೊರಟೆ. ಪುಂಡ ಎತ್ತಿನ ಹಗ್ಗ ಜಗ್ಗಿ ಸೋತು ಬೆವರು ಒರೆಸಿಕೊಳ್ಳುತ್ತಿದ್ದ ಅಮರಮ್ಮನವರು ನನ್ನನ್ನು ಬಾಗಿಲು ದಾಟುವವರೆಗೂ ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ಮಗಳನ್ನು ಕೇಳಿದ್ದು ನನಗೆ ಬಚ್ಚಲಲ್ಲೂ ಕೇಳಿಸಿತು.

"ಯವ್ವಾ ಸುಮಂಗಲಾ, ಈ ವಿದ್ಯಾ ನಮ್ಮ ಎತ್ತಿಗೂ ಒಂದೀಟು ಕಲಿಸಿ ಹೋಗ್ತಿಯೇನು?"